ಟೀ ಕ್ಯೂನಲ್ಲಿ ಹುಟ್ಟಿದ ಕೌನ್ಸಿಲ್

ಡೆಸ್ಮಂಡ್ ಪರ್ಕಿಸ್‌ನ ಅವಾಂತರಕ್ಕೆಲ್ಲ ಮೂಲ ಒಂದು ಕುಂಬಳಕಾಯಿ. ಬಿಡಲ್‌ಫರ್ಡಿನ ಹಳೆಯ ರೈಲು ನಿಲ್ದಾಣದ ಹಿಂದೆ, ಮುಳ್ಳುಬೇಲಿಯ ಮರೆಯಲ್ಲಿ, ಅವನು ಅದನ್ನು ಕೂಸಿನಂತೆ ಸಾಕುತ್ತಿದ್ದ. ಜಾಗ ಅವನದಲ್ಲ, ಊರಿನದು. ಆದರೆ ಊರಿಗೆ ಸ್ವಂತ ಕೌನ್ಸಿಲ್ ಇಲ್ಲದ ಮೇಲೆ ಊರಿನ ಆಸ್ತಿಯನ್ನು ಕೇಳುವವರಾದರೂ ಯಾರು? ಜಿಲ್ಲಾ ಕಚೇರಿ ಎಲ್ಲೋ ದೂರದಲ್ಲಿತ್ತು. ಚುನಾವಣೆ ಬಂದಾಗ ಬಿಟ್ಟರೆ ಅಲ್ಲಿನವರಿಗೆ ಬಿಡಲ್‌ಫರ್ಡಿನ ನೆನಪೇ ಇರುತ್ತಿರಲಿಲ್ಲ. ಡೆಸ್ಮಂಡನಿಗೆ ಅದೇ ಸ್ವರ್ಗವಾಗಿತ್ತು. ಮುಂದಿನ ವಾರ ಸುಗ್ಗಿಯ ಪ್ರದರ್ಶನ. ವರ್ಷಾವರ್ಷ ಕುಂಬಳದ ಬಹುಮಾನ ಹೊಡೆದು ಮೆರೆಯುತ್ತಿದ್ದ ಗೆಳೆಯ ಸಿರಿಲ್‌ನ ಸೊಕ್ಕು ಈ ಸಲ ಇಳಿಯುವುದು ಗ್ಯಾರಂಟಿ ಎಂದು ಅವನು ಒಳಗೊಳಗೇ ಹಿಗ್ಗುತ್ತಿದ್ದ.

ಅಷ್ಟರಲ್ಲಿ ಜಿಲ್ಲಾ ಕಚೇರಿಗೆ ಇದ್ದಕ್ಕಿದ್ದಂತೆ ಎಚ್ಚರವಾಯಿತು. "ನಿಮ್ಮ ಊರಿಗೆ ಸ್ವಂತ ಕೌನ್ಸಿಲ್ ಬೇಕೋ ಬೇಡವೋ, ಶನಿವಾರ ಸೇರಿ ಹೇಳಿ" ಎಂದು ಕೇಳಿಕಳಿಸಿತು. ಬೇಡ ಅನ್ನಬೇಕು ಎಂದು ಡೆಸ್ಮಂಡ್ ನಿರ್ಧರಿಸಿದ. ತೊಂದರೆ ಒಂದೇ. 'ಬೇಡ' ಎಂಬ ಮಾತು ಹುಟ್ಟಿದಾಗಿನಿಂದ ಅವನ ಬಾಯಿಂದ ಹೊರಬಿದ್ದದ್ದಿಲ್ಲ.

ಶನಿವಾರ ಗೊಬ್ಬರದ ಮೂಟೆ ಹೊತ್ತು ಹಾಕಿ, ಕುಂಬಳಕ್ಕೆ ಒಂದು ಮುತ್ತು ಕೊಟ್ಟು ಬೇಲಿಯಿಂದ ನುಸುಳಿ ಬೀದಿಗೆ ಬಂದರೆ, ಎದುರಿಗೇ ನಿಲ್ದಾಣದ ಪಕ್ಕದ ಮನೆಯ ವಿನಿಫ್ರೆಡ್!

"ಡೆಸ್ಮಂಡ್, ಸಭೆಗೆ ಬರ್ತೀರಿ ತಾನೆ? ಊರಿನ ಗಡಿಯಾರ ನಿಂತು ಯಾವ ಕಾಲ ಆಯ್ತು! ಪಾರ್ಕಿನ ಬೆಂಚಿಗೆ ಕಾಲಿಲ್ಲ. ದೂರು ಕೊಡೋಣಾಂದ್ರೆ ಒಂದು ನರಪಿಳ್ಳೆ ಇಲ್ಲ. ಬೈಯೋಕಾದ್ರೂ ನಮ್ಮದೂಂತ ಒಂದು ಕೌನ್ಸಿಲ್ ಬೇಡ್ವೇ?"

"ನಿಜ, ನಿಜ," ಅಂದ ಡೆಸ್ಮಂಡ್. ಆಕೆ ಅವನ ಕೋಟಿಗೆ 'ಬೇಕು' ಎಂಬ ಬ್ಯಾಡ್ಜು ಚುಚ್ಚಿದಳು.

ತಿರುವಿನಲ್ಲಿ ಸಿರಿಲ್ ಅಡ್ಡ ಹಾಕಿದ. "ಏನಯ್ಯ ಇದು ವೇಷ? ಆ ಹೆಂಗಸಿನ ಮಾತು ಕಟ್ಕೊಂಡು ಕುಣೀತಿದೀಯಾ? ಕೌನ್ಸಿಲ್ ಬಂದ್ರೆ ಕೂತ್ರೆ ತೆರಿಗೆ, ನಿಂತ್ರೆ ತೆರಿಗೆ!"

"ನಿಜ, ನಿಜ."

ಕೋಟಿನ ಇನ್ನೊಂದು ಕಡೆಗೆ 'ಬೇಡ' ಬಂತು. ಹೀಗೆ ಎರಡು ಬ್ಯಾಡ್ಜು ಹೊತ್ತ ಡೆಸ್ಮಂಡ್ ಚರ್ಚಿನ ಸಭಾಂಗಣಕ್ಕೆ ಹೋದ. ಹೆಗಲ ಮೇಲೆ ಗೊಬ್ಬರ ಮೆತ್ತಿದ್ದು ಪಾಪ, ಅವನ ಗಮನಕ್ಕೇ ಬರಲಿಲ್ಲ.

ಊರಿಗೆ ಊರೇ ನೆರೆದಿತ್ತು. ಜಿಲ್ಲೆಯಿಂದ ಬಂದಿದ್ದ ಅಧಿಕಾರಿಣಿ ಮಿಸ್ ಪ್ರಿಂಗಲ್ ಗಂಟಲು ಸರಿಮಾಡಿಕೊಂಡಳು. ಇವತ್ತು ಎದ್ದು ನಿಂತು ಹೇಳಿಯೇಬಿಡುತ್ತೇನೆ ಎಂದು ಡೆಸ್ಮಂಡ್ ಅರ್ಧ ಎದ್ದ. ಅಷ್ಟರಲ್ಲಿ ವಿನಿಫ್ರೆಡ್ ಅವನ ಕೈಗೆ ಕೇಕಿನ ತುಂಡೊಂದನ್ನು ತುರುಕಿದಳು. "ನಾನೇ ಮಾಡಿದ್ದು. ತಿಂದು ಹೇಳಿ, ಹೇಗಿದೇಂತ."

ಬೇಡ ಅನ್ನಲು ಬಾರದವನು ಬಾಯಿಗಿಟ್ಟ. ಇಟ್ಟಿಗೆಪುಡಿಯಂಥ ಕೇಕು ಗಂಟಲಲ್ಲೇ ಮನೆ ಮಾಡಿತು. ಕಣ್ಣಲ್ಲಿ ನೀರು ಬಂತು. ಎಡಗಡೆಯ ಗೋಡೆಯ ಬಳಿ ಟೀ ಮೇಜು ಕಂಡದ್ದೇ ತಡ, ಅವನು ಅತ್ತ ಓಡಿದ.

ಸರಿಯಾಗಿ ಅದೇ ಹೊತ್ತಿಗೆ ಮಿಸ್ ಪ್ರಿಂಗಲ್, "ಕೌನ್ಸಿಲ್ ಬೇಕು ಅನ್ನೋರು ಎಡಗೋಡೆಗೆ ಹೋಗಿ, ಬೇಡ ಅನ್ನೋರು ಬಲಗೋಡೆಗೆ," ಎಂದಳು.

ನೀರಿನ್ನೂ ಕುದಿದಿರಲಿಲ್ಲ. ಡೆಸ್ಮಂಡ್ ಖಾಲಿ ಲೋಟ ಹಿಡಿದು ಸುಮ್ಮನೆ ನಿಂತ. ಅವನ ಹಿಂದೆ ಒಬ್ಬ ಬಂದು ನಿಂತ. ಇಬ್ಬರು ಒಬ್ಬರ ಹಿಂದೊಬ್ಬರು ನಿಂತರೆ ಬಿಡಲ್‌ಫರ್ಡಿನಲ್ಲಿ ಯಾಕೆ, ಏನು ಎಂದು ಯಾರೂ ಕೇಳುವುದಿಲ್ಲ. ಮೂರನೆಯವರಾಗಿ ಹೋಗಿ ನಿಲ್ಲುತ್ತಾರೆ. ಕ್ಯೂ ಗೋಡೆಯುದ್ದಕ್ಕೂ ಬೆಳೆದು ಬಾಗಿಲು ಮುಟ್ಟಿತು. ಬಲಗೋಡೆಯ ಬಳಿ ಎದೆಯುಬ್ಬಿಸಿ ನಿಂತಿದ್ದ ಸಿರಿಲ್ ಕೂಡ ಚಡಪಡಿಸಿದ. ಟೀ ಮುಗಿದುಹೋದರೆ? ಅವನೂ ಬಂದು ಸೇರಿಕೊಂಡ.

"ಅಯ್ಯೋ, ಇದು ಟೀಗೆ ನಿಂತಿರೋದು!" ಡೆಸ್ಮಂಡ್ ಕೂಗಲು ನೋಡಿದ. ಕೇಕು ಬಿಡಲಿಲ್ಲ, "ಗಕ್" ಎಂಬ ಸದ್ದು ಮಾತ್ರ ಬಂತು.

ಮಿಸ್ ಪ್ರಿಂಗಲ್ ಎಣಿಸತೊಡಗಿದಾಗ ಎಲ್ಲರಿಗೂ ವಿಷಯ ಹೊಳೆಯಿತು. ಆದರೆ ಕ್ಯೂ ಬಿಟ್ಟು ಹೋಗುವುದುಂಟೆ? ಹೋದರೆ ಜಾಗ ಹೋಯಿತು.

"ಲೇ ಸಿರಿಲ್, ಆ ಕಡೆ ಹೋಗಯ್ಯ!" ಎಂದು ಹಿಂದಿನವನು ತಿವಿದ.

"ನೀನು ಹೋಗು, ನಾನು ಆಮೇಲೆ ಬರ್ತೀನಿ," ಅಂದ ಸಿರಿಲ್, ಮುಂದಿನವನ ಬೆನ್ನಿಗೆ ಇನ್ನಷ್ಟು ಅಂಟಿಕೊಂಡು.

ಬಲಗೋಡೆಯ ಬಳಿ ಕೊನೆಗೆ ಉಳಿದದ್ದು ಯಾರೋ ಒರಗಿಸಿಟ್ಟಿದ್ದ ಛತ್ರಿ ಮಾತ್ರ. ಕೌನ್ಸಿಲ್ ಭರ್ಜರಿಯಾಗಿ ಗೆದ್ದಿತು.

ಟೀ ಹೀರಿ ಗಂಟಲು ಬಿಟ್ಟಾಗ ಡೆಸ್ಮಂಡ್ ಒಂದು ಸಮಾಧಾನ ಹೇಳಿಕೊಂಡ. ಕೌನ್ಸಿಲ್ ಬರುವುದು ನಿಧಾನ, ಪ್ರದರ್ಶನ ಮುಂದಿನ ವಾರವೇ. ಆ ಸಮಾಧಾನ ಲೋಟದ ಟೀ ಮುಗಿಯುವತನಕವೂ ಉಳಿಯಲಿಲ್ಲ.

"ಚುನಾವಣೆ ಆಗೋವರೆಗೆ ಒಂದು ತಾತ್ಕಾಲಿಕ ಸಮಿತಿ ಬೇಕು," ಅಂದಳು ಮಿಸ್ ಪ್ರಿಂಗಲ್.

"ಎಲ್ಲರಿಗಿಂತ ಮೊದಲು ಎದ್ದು ಓಡಿದ್ದು ನಮ್ಮ ಡೆಸ್ಮಂಡ್!" ಎಂದಳು ವಿನಿಫ್ರೆಡ್. "ಎರಡೂ ಬ್ಯಾಡ್ಜು ಹಾಕ್ಕೊಂಡಿದಾರೆ ನೋಡಿ, ಇವರಿಗಿಂತ ನಿಷ್ಪಕ್ಷಪಾತಿ ಸಿಗ್ತಾರಾ? ಇವರೇ ಅಧ್ಯಕ್ಷರು. ಮೊದಲನೇ ಕೆಲಸಾನೂ ಹೇಳಿಬಿಡ್ತೀನಿ. ಹಳೇ ನಿಲ್ದಾಣದ ಹಿಂದೆ ಊರಿನ ಜಾಗದಲ್ಲಿ ಯಾವನೋ ಕಳ್ಳ ಕುಂಬಳಕಾಯಿ ಬೆಳೀತಿದಾನೆ. ಗೊಬ್ಬರದ ನಾತ ನಮ್ಮ ಅಡುಗೆಮನೇಲಿ ಕೂರೋಕೆ ಬಿಡ್ತಿಲ್ಲ."

"ಕುಂಬಳಕಾಯೇ?" ಸಿರಿಲ್‌ನ ಕಿವಿ ನೆಟ್ಟಗಾಯಿತು. "ಜಪ್ತಿ ಮಾಡಿ! ಕೌನ್ಸಿಲ್ ಹೆಸರಲ್ಲೇ ಪ್ರದರ್ಶನಕ್ಕಿಡೋಣ. ಆ ಕಳ್ಳನಿಗೆ ಬುದ್ಧಿ ಬರ್ಲಿ."

ಸಭೆ ಚಪ್ಪಾಳೆ ತಟ್ಟಿತು. ಮಿಸ್ ಪ್ರಿಂಗಲ್ ಡೆಸ್ಮಂಡನ ಕಡೆ ತಿರುಗಿದಳು. "ಪರ್ಕಿಸ್ ಅವರೇ, ಆ ಮನುಷ್ಯನನ್ನ ಹುಡುಕಿ ಹಿಡಿಯೋ ಜವಾಬ್ದಾರಿ ತಗೋತೀರಾ? ಬೇಡ ಅನ್ನಿಸಿದ್ರೆ ಈಗಲೇ ಹೇಳಿಬಿಡಿ."

ಊರೆಲ್ಲ ಅವನ ಬಾಯನ್ನೇ ನೋಡುತ್ತಿತ್ತು. ಈಗ ಗಂಟಲಲ್ಲಿ ಕೇಕೂ ಇರಲಿಲ್ಲ.

"ಖಂಡಿತ, ಸಂತೋಷವಾಗಿ," ಎಂದ ಡೆಸ್ಮಂಡ್, ಮೆಲ್ಲಗೆ ಹೆಗಲು ಒರೆಸಿಕೊಳ್ಳುತ್ತ.