ಅರ್ಧ ಬಾಡಿಗೆಯ ಮಹಡಿ

'ನನಗೆ "ಬೇಡ" ಅನ್ನಲು ಬರುವುದಿಲ್ಲ. ಇಪ್ಪತ್ತಾರು ವರ್ಷವಾಯಿತು, ಇನ್ನೂ ಬಂದಿಲ್ಲ. ಇದು ಯಾರಿಗಾದರೂ ಗೊತ್ತಾಗಿಬಿಟ್ಟರೆ ನನ್ನ ಗತಿ?'

ಬೆಳಿಗ್ಗೆ ಏಳು ಗಂಟೆಗೆ ಜಾಹ್ನವಿ ಡೈರಿಯಲ್ಲಿ ಇಷ್ಟು ಬರೆದಳು. ಯಾರಾದರೂ ಓದಿಬಿಟ್ಟರೇನೋ ಎಂದು ಖಾಲಿ ಕೋಣೆಯಲ್ಲೇ ಒಮ್ಮೆ ಹಿಂತಿರುಗಿ ನೋಡಿ, ಡೈರಿಯನ್ನು ಸೀರೆಗಳ ಅಡಿಗೆ ತಳ್ಳಿ ಸೂಟ್‌ಕೇಸ್ ಮುಚ್ಚಿದಳು.

ಗೊತ್ತಾಗಬೇಕಾದವರಿಗೆ ಅದು ಆಗಲೇ ಗೊತ್ತಾಗಿತ್ತು. ಹವಳದ ಮೇಲೆ ಕೆಲಸ ಮಾಡಲು ಅವಳು ಮೈಸೂರಿನಿಂದ ಜಪಾನಿನ ಓಕಿನಾವಾ ದ್ವೀಪದ ಸಂಶೋಧನಾ ಸಂಸ್ಥೆಗೆ ಬಂದು ಆರು ತಿಂಗಳು. ಸಂಸ್ಥೆಯ ಹಾಸ್ಟೆಲಿನಲ್ಲಿ ಇನ್ನೂ ಒಂದು ತಿಂಗಳು ಇರಲು ಅವಳಿಗೆ ಅವಕಾಶವಿತ್ತು. ಪಕ್ಕದ ಮೇಜಿನ ಇಟಲಿಯವನು ಒಂದು ದಿನ ಬಂದು, ತನ್ನ ಹೆಂಡತಿ ಬರುತ್ತಿದ್ದಾಳೆ, ಆ ಒಂದು ತಿಂಗಳನ್ನು ತಮಗೆ ಬಿಟ್ಟುಕೊಡಲು ಸಾಧ್ಯವೇ ಎಂದು ಕೇಳಿದ. ಜಾಹ್ನವಿಯ ಬಾಯಿ ಜಾಹ್ನವಿಯನ್ನು ಒಂದು ಮಾತೂ ಕೇಳದೆ 'ಓ, ಧಾರಾಳವಾಗಿ' ಎಂದುಬಿಟ್ಟಿತು. ಹಾಗಾಗಿ ಇವತ್ತು ಹತ್ತು ಗಂಟೆಗೆ ಕೀ ವಾಪಸ್ ಕೊಡಬೇಕು. ಮೇ ತಿಂಗಳ ಮೊದಲ ವಾರದ ರಜೆಗೆ ಅರ್ಧ ಟೋಕಿಯೋ ಬಂದು ದ್ವೀಪದ ಮೇಲೆ ಕುಳಿತಿದ್ದರಿಂದ ಹೋಟೆಲುಗಳಲ್ಲಿ ಒಂದು ಚಾಪೆಗೂ ಜಾಗವಿಲ್ಲ. ಸಂಜೆಯೊಳಗೆ ಮನೆ ಸಿಗದಿದ್ದರೆ ಸಮುದ್ರದ ದಂಡೆಯಲ್ಲಿ ತನ್ನ ಹವಳಗಳ ಪಕ್ಕದಲ್ಲೇ ಮಲಗಬೇಕು.

ಹತ್ತಕ್ಕೆ ಸರಿಯಾಗಿ ಮಧುಕರ್ ತನ್ನ ಬೆಂಕಿಪೊಟ್ಟಣದಂಥ ಕಾರು ತಂದು ನಿಲ್ಲಿಸಿದ. ಬೆಂಗಳೂರಿನವನು, ಅದೇ ಸಂಸ್ಥೆಯಲ್ಲಿ ಆರು ವರ್ಷದಿಂದ ಇದ್ದವನು. ಯಾರಿಗಾದರೂ ಸಹಾಯ ಮಾಡದಿದ್ದರೆ ಅವನಿಗೆ ತಿಂದದ್ದು ಅರಗುತ್ತಿರಲಿಲ್ಲ. ಅವರು ಕೇಳಿರಬೇಕು ಎಂದೇನೂ ಇರಲಿಲ್ಲ.

"ಬನ್ರೀ ಜಾಹ್ನವಿ, ಒಂದ್ನಿಮಿಷ. ಮೊದಲೇ ಒಂದು ಗೋಲ್ಡನ್ ರೂಲ್ ಹೇಳ್ಬಿಡ್ತೀನಿ. ಇಲ್ಲಿ ಓನರ್‌ಗಳಿಗೆ ಬೇಕಾಗಿರೋದು ಒಂದೇ. ಸೈಲೆನ್ಸ್! ನಮ್ಮನೇಲಿ ಕುಕ್ಕರ್ ಮೂರು ವಿಶಲ್ ಹೊಡೀತು, ಪಕ್ಕದ್ಮನೆಯವ್ರು ಭೂಕಂಪದ ವಾರ್ನಿಂಗ್ ಅಂದ್ಕೊಂಡು ಟೇಬಲ್ ಕೆಳಗೆ ಕೂತಿದ್ರು. ನೀವು ಬಾಯೇ ಬಿಡ್ಬೇಡಿ. ಮಾತು ನಂಗೆ ಬಿಡಿ."

ಜಾಹ್ನವಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಈ ವರ್ಷ ಬಂದಿರಲಿಲ್ಲ. ಬಾಯಿ ಬಿಡದಿರುವುದು ಅವಳಿಗೆ ಗೊತ್ತಿದ್ದ ಏಕೈಕ ವಿದ್ಯೆ.

ಮನೆ ತೋರಿಸುವ ಏಜೆಂಟ್ ಕಿಂಜೋ ಸಾನ್, ಅಂದರೆ ಕಿಂಜೋ ಅವರು, ಬಹಳ ಸಭ್ಯ. ಅವನು 'ಇಲ್ಲ' ಎನ್ನುತ್ತಿರಲಿಲ್ಲ. ಬಿಸಿ ಸಾರು ನಾಲಿಗೆಗೆ ತಾಗಿದವನಂತೆ ಹಲ್ಲಿನ ಸಂದಿಯಿಂದ ಉಸಿರನ್ನು ಒಳಗೆಳೆದುಕೊಳ್ಳುತ್ತಿದ್ದ. ಮೊದಲ ಮನೆಯ ಯಜಮಾನರಿಗೆ ಫೋನ್ ಮಾಡಿ, ವಿದೇಶಿಯರು ಎಂದು ಹೇಳಿ, 'ಸ್ಸ್‌ಸ್' ಎಂದ. ಎರಡನೆಯ ಮನೆಗೆ ಮಾಡಿ, ಮಸಾಲೆ ಅಡುಗೆ ಎಂಬ ಮಾತು ಬಂದ ಕೂಡಲೇ, ಇನ್ನೂ ಉದ್ದವಾಗಿ 'ಸ್ಸ್‌ಸ್‌ಸ್' ಎಂದ. ಮೇಜಿನ ಮೇಲಿದ್ದ ಕಾಗದಗಳು ಅವನ ಕಡೆಗೆ ಹಾರಿದಂತಾಯಿತು. ಮಧ್ಯಾಹ್ನದ ಹೊತ್ತಿಗೆ ಜಾಹ್ನವಿಗೆ ದ್ವೀಪದ ಗಾಳಿಯೆಲ್ಲ ಅವನ ಹೊಟ್ಟೆಯೊಳಗೇ ಹೋಗಿರಬೇಕೆನಿಸಿತು.

ಕೊನೆಗೆ ಅವನು ಸುತ್ತಮುತ್ತ ನೋಡಿ, ಕೆಳಗಿನ ಖಾನೆಯಿಂದ ಒಂದೇ ಒಂದು ಹಾಳೆ ತೆಗೆದು ಮುಂದೆ ಸರಿಸಿದ. ಸಮುದ್ರ ಕಾಣುವ ಮಹಡಿ. ದೊಡ್ಡ ಕೋಣೆ, ಅಡುಗೆಮನೆ. ಬಾಡಿಗೆ ಆ ಊರಿನ ಬೇರೆ ಮನೆಗಳಿಗಿಂತ ಸರಿಯಾಗಿ ಅರ್ಧ.

ಕಷ್ಟಕಾಲಕ್ಕೆ ಜಪಾನಿನಲ್ಲೇ ಇರುವ ಒಬ್ಬರ ಹೆಸರು, ಫೋನ್ ನಂಬರು ಕೊಡಬೇಕೆಂದು ಕಿಂಜೋ ಸಾನ್ ಹೇಳಿದ್ದರಿಂದ, ಜಾಹ್ನವಿ ಹೊರಗೆ ಬಂದು ಟೋಕಿಯೋ ಪಕ್ಕದ ಇಚಿಕಾವಾದ ಕಮಲಾ ಆಂಟಿಗೆ ಫೋನ್ ಮಾಡಿದಳು. ಕಮಲಾ ಆಂಟಿ ಅಮ್ಮನ ಗೆಳತಿ. ಹದಿನೈದು ವರ್ಷದಿಂದ ಅಲ್ಲಿದ್ದು ಜಪಾನಿಯನ್ನು ಜಪಾನಿಯರಿಗಿಂತ ಜೋರಾಗಿ ಮಾತನಾಡುವವರು.

"ಅರ್ಧ ಬಾಡಿಗೇನಾ?" ಆಂಟಿಯ ಧ್ವನಿ ಒಮ್ಮೆಗೇ ಇಳಿಯಿತು. "ಪುಟ್ಟಾ, ಆ ಮನೇಲಿ ಯಾರೋ ಹೋಗ್ಬಿಟ್ಟಿದಾರೆ ಕಣೇ."

"ಹೋಗಿದಾರೆ ಅಂದ್ರೆ... ಊರಿಗಾ?"

"ಮೇಲಕ್ಕೆ! ಇಲ್ಲಿ ಹಾಗೇನೇ, ಯಾರಾದ್ರೂ ಒಳಗೇ ಸತ್ತಿದ್ರೆ ಬಾಡಿಗೆ ಇಳಿಸ್ತಾರೆ. ನೀನು ಬಾಯ್ಬಿಟ್ಟು ಕೇಳು. ಕೇಳಿದ್ರೆ ಮುಚ್ಚಿಡೋ ಹಾಗಿಲ್ಲ ಅವ್ರು. ಕೇಳ್ತೀ ತಾನೇ?"

"ಹೂಂ ಆಂಟಿ," ಎಂದಳು ಜಾಹ್ನವಿ. ಕೇಳಲಾರಳೆಂದು ಅವಳಿಗೂ ಗೊತ್ತಿತ್ತು, ಬಹುಶಃ ಫೋನಿಗೂ ಗೊತ್ತಿತ್ತು.

ಮನೆ ಒಂದು ಸಣ್ಣ ಹಳ್ಳಿಯ ಅಂಚಿನಲ್ಲಿತ್ತು. ಹಿಂದೆ ಕಬ್ಬಿನ ಗದ್ದೆ, ಮುಂದೆ ಮೀನು ದೋಣಿಗಳ ಬಂದರು. ಗೇಟಿನ ಎರಡು ಕಂಬಗಳ ಮೇಲೆ ಎರಡು ಮಣ್ಣಿನ ಸಿಂಹಗಳು ಕುಳಿತಿದ್ದವು. ಒಂದು ಬಾಯಿ ತೆರೆದಿತ್ತು, ಇನ್ನೊಂದು ಬಿಗಿಯಾಗಿ ಮುಚ್ಚಿತ್ತು. ಮುಚ್ಚಿದ ಬಾಯಿಯದನ್ನು ಕಂಡು ಜಾಹ್ನವಿಗೆ ನೆಂಟರನ್ನು ನೋಡಿದಂತಾಯಿತು.

ಮನೆಯೊಡತಿ ಓಶಿರೋ ಸಾನ್ ಎಂಬತ್ತು ದಾಟಿದ ಗುಬ್ಬಚ್ಚಿಯಂಥ ಅಜ್ಜಿ. ಕುತ್ತಿಗೆಗೆ ಟವೆಲ್ ಸುತ್ತಿಕೊಂಡಿದ್ದರು. ಧ್ವನಿ ಪೂರಾ ಬಿದ್ದುಹೋಗಿತ್ತು. ಅವರು ಮಾತನಾಡಿದರೆ ಒಣ ಎಲೆಯ ಮೇಲೆ ಯಾರೋ ನಡೆದಂತೆ ಕೇಳಿಸುತ್ತಿತ್ತು. ಎಂಥ ಶಾಂತಮೂರ್ತಿ, ಎಂದುಕೊಂಡಳು ಜಾಹ್ನವಿ. ಇವರೂ ನಾನೂ ವರ್ಷವಿಡೀ ಮಾತಿಲ್ಲದೆ ಎಷ್ಟು ಸುಖವಾಗಿರಬಹುದು!

ಮಹಡಿ ಹತ್ತಿದ ಮೇಲೆ ಆ ಸುಖ ಸ್ವಲ್ಪ ಅಲುಗಾಡಿತು. ಕೋಣೆಯೇನೋ ಸೊಗಸಾಗಿತ್ತು, ಕಿಟಕಿಯ ತುಂಬ ಸಮುದ್ರ. ಆದರೆ ಮೂಲೆಯಲ್ಲಿ ಸೊಂಟದೆತ್ತರದ ಏನನ್ನೋ ಬಿಳಿ ಬಟ್ಟೆಯಲ್ಲಿ ಪೂರ್ತಿ ಮುಚ್ಚಿಟ್ಟಿದ್ದರು. ಅದರ ಮುಂದೊಂದು ಮರದ ಸ್ಟೂಲು. ಮೇಲೆ ಗೋಡೆಯಲ್ಲಿ ಕೋಟು ತೊಟ್ಟ ಮುದುಕರೊಬ್ಬರ ಫೋಟೋ. ಫೋಟೋದ ಪಕ್ಕ ತಟ್ಟೆಯಗಲದ ಗಡಿಯಾರ. ಅದರಲ್ಲಿ ಐದರ ಅಂಕಿಯ ಮೇಲೆ ಕೆಂಪು ಚುಕ್ಕೆ ಇಟ್ಟಿತ್ತು.

ಜಾಹ್ನವಿ ಲೆಕ್ಕ ಹಾಕಿದಳು. ಇವರೇ ಹೋದವರು. ಈ ಸ್ಟೂಲಿನ ಮೇಲೇ ಹೋದದ್ದು. ಹೊತ್ತು ಐದು ಗಂಟೆ.

"ಮಧುಕರ್," ಎಂದು ಪಿಸುಗುಟ್ಟಿದಳು, "ಆ ಬಟ್ಟೆ ಕೆಳಗೆ..."

"ಶ್! ಏನೂ ಕೇಳ್ಬೇಡ್ರೀ, ಡೀಲ್ ಹಾಳಾಗುತ್ತೆ. ನೋಡ್ತಾ ಇರಿ ಹೆಂಗೆ ಮುಗಿಸ್ತೀನಿ."

ಮಧುಕರನ ಜಪಾನಿ ಹೊಗಳುವುದಕ್ಕೆ ಸಾಲುತ್ತಿತ್ತು, ಓದುವುದಕ್ಕೆ ಸಾಲುತ್ತಿರಲಿಲ್ಲ. ಅವನು ಕೈಯಾಡಿಸುತ್ತಾ, ಈ ಹುಡುಗಿ ಎಷ್ಟು ಮೌನಿಯೆಂದರೆ ಲ್ಯಾಬಿನಲ್ಲಿ ಆರು ತಿಂಗಳಿಂದ ಇವಳ ದನಿ ಕೇಳಿದವರಿಲ್ಲ, ಇವಳು ಮನೆಯಲ್ಲಿದ್ದಾಳೋ ಇಲ್ಲವೋ ನಿಮಗೇ ತಿಳಿಯುವುದಿಲ್ಲ, ಎಂದೆಲ್ಲ ಬಣ್ಣಿಸಿದ. ಬಣ್ಣಿಸಿದಷ್ಟೂ ಅಜ್ಜಿಯ ಮುಖ ಬಾಡಿತು. ಅವರು ಕಿಂಜೋ ಸಾನ್ ಕಡೆ ನೋಡಿದರು. ಕಿಂಜೋ ಸಾನ್ 'ಸ್ಸ್‌ಸ್' ಎಂದು ಉಸಿರೆಳೆದ.

ಮೂರನೆಯ ಮನೆಯೂ ಹೋಯಿತು! ಜಾಹ್ನವಿಗೆ ಕಣ್ಣೆದುರು ದಂಡೆ, ಹವಳ, ಏಡಿಗಳು ಕಾಣಿಸಿದವು.

ಅಷ್ಟರಲ್ಲಿ ಅಜ್ಜಿ ಏನೋ ನೆನಪಾದವರಂತೆ ಅರ್ಜಿಯನ್ನು ನೋಡಿ, ಕಮಲಾ ಆಂಟಿಯ ನಂಬರಿಗೆ ಫೋನ್ ಮಾಡಿದರು. ಒಣ ಎಲೆಯ ದನಿಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದರು. ಆಮೇಲೆ ಹತ್ತು ನಿಮಿಷ ಅವರಿಗೆ ಮಾತನಾಡುವ ಸರದಿಯೇ ಬರಲಿಲ್ಲ. ರಿಸೀವರಿನೊಳಗಿಂದ ಜೇನುಗೂಡಿಗೆ ಕಲ್ಲು ಬಿದ್ದಂಥ ಸದ್ದು ಬರುತ್ತಿತ್ತು. ಅಜ್ಜಿ ಮೊದಲು ಹೂಂಗುಟ್ಟುವಂತೆ 'ಹೈ' ಎಂದರು, ಆಮೇಲೆ 'ಹೈ, ಹೈ' ಎಂದರು, ಕೊನೆಗೆ ಕಣ್ಣರಳಿಸಿ 'ಹೈ ಹೈ ಹೈ' ಎಂದರು. ಫೋನ್ ಇಟ್ಟು ಜಾಹ್ನವಿಯ ಎರಡೂ ಕೈ ಹಿಡಿದುಕೊಂಡು, ಹಣೆ ಮೊಣಕಾಲಿಗೆ ತಾಗುವಂತೆ ಬಗ್ಗಿದರು.

"ನೋಡಿದ್ರಾ ನನ್ನ ಎಫೆಕ್ಟು?" ಎಂದ ಮಧುಕರ್.

ಕಿಂಜೋ ಸಾನ್ ಕರಾರುಪತ್ರ ಹರಡಿ, ಹಳಿ ಸಿಕ್ಕ ರೈಲಿನ ವೇಗದಲ್ಲಿ ಓದತೊಡಗಿದ. ಏಳನೆಯ ಷರತ್ತಿನ ಹತ್ತಿರ ಮಾತ್ರ ನಿಂತು, ಬೆರಳಿಟ್ಟು, ಎರಡು ಸಲ ಹೇಳಿದ.

"ಏನಂತೆ?"

"ಕಸದ ರೂಲ್ಸ್ ಇರುತ್ತೆ ಬಿಡ್ರೀ. ಪ್ಲಾಸ್ಟಿಕ್ ಯಾವತ್ತು, ಬಾಟ್ಲು ಯಾವತ್ತು. ಎಲ್ಲಾ ಕಡೆ ಇದ್ದಿದ್ದೇ."

ಏನಾದರೂ ಕೇಳುವುದಿದೆಯೇ ಎಂದು ಕಿಂಜೋ ಸಾನ್ ಸಾವಧಾನವಾಗಿ ಇಂಗ್ಲಿಷಿನಲ್ಲಿ ವಿಚಾರಿಸಿದ. ಇತ್ತು. ಬಾಡಿಗೆ ಯಾಕೆ ಅರ್ಧ, ಎಂಬ ಎರಡು ಮೂರು ಮಾತು. ಜಾಹ್ನವಿಯ ಬಾಯಿ ಗೇಟಿನ ಮೊದಲ ಸಿಂಹದಂತೆ ತೆರೆಯಿತು. ಮೂವರೂ ಅವಳನ್ನೇ ನೋಡಿದರು. ಅದು ಎರಡನೆಯ ಸಿಂಹದಂತೆ ಮುಚ್ಚಿಕೊಂಡಿತು.

"ಏನಿಲ್ಲ, ಥ್ಯಾಂಕ್ಯೂ," ಎಂದು ಸಹಿ ಹಾಕಿದಳು.

ಸಾಮಾನು ಮೇಲೆ ಬಂತು. ಕಿಂಜೋ ಸಾನ್ ಹೊರಟುಹೋದ, ಮಧುಕರ್ ಕೆಳಗೆ ಅಜ್ಜಿ ಕೊಟ್ಟ ಮಲ್ಲಿಗೆ ಟೀ ಕುಡಿಯುತ್ತಾ ಕುಳಿತ. ಬಟ್ಟೆ ಮುಚ್ಚಿದ ಮೂಲೆಗೆ ಬೆನ್ನು ತೋರಿಸಲು ಧೈರ್ಯವಾಗದೆ ಜಾಹ್ನವಿ ಏಡಿಯಂತೆ ಅಡ್ಡಡ್ಡ ನಡೆಯುತ್ತಾ ಸೂಟ್‌ಕೇಸ್ ಬಿಚ್ಚಿದಳು. ಫೋಟೋದ ಮುದುಕರು ಅವಳು ಹೋದ ಕಡೆಗೆಲ್ಲ ಕಣ್ಣು ಹೊರಳಿಸುತ್ತಿದ್ದರು. ನಾಲ್ಕೂವರೆಗೆ ಕಮಲಾ ಆಂಟಿಯ ಫೋನು.

"ಹಾಲು ಉಕ್ಕಿಸಿದ್ಯಾ ಪುಟ್ಟಾ?"

"ಒಲೇಲಿ ಸೆನ್ಸರ್ ಇದೆ ಆಂಟಿ. ಉಕ್ಕೋ ಮುಂಚೇನೇ ಆಫ್ ಆಗ್ಬಿಡುತ್ತೆ."

"ಹೋಗ್ಲಿ, ಒಂದ್ ಸ್ಪೂನ್ ನೀನೇ ಚೆಲ್ಲು, ದೇವರಿಗೆ ಗೊತ್ತಾಗುತ್ತೆ. ನೋಡು, ಇವತ್ತು ನಿಂಗೆ ಮನೆ ಸಿಕ್ಕಿದ್ದು ನನ್ನಿಂದ. ಆ ಅಜ್ಜಿ ಕೇಳಿದ್ದೇನು ಗೊತ್ತಾ? ಹುಡುಗಿ ಕಂಠ ಹೇಗಿದೆ ಅಂತ!"

"ಕಂಠಾನಾ?"

"ಹೂಂ ಮತ್ತೆ. ಗಂಡಿನ ಕಡೆಯವ್ರು ಕೇಳಿದ್ರೆ ನಾವು ಬಿಟ್ಟುಕೊಡ್ತೀವಾ? ಸಂಗೀತದಲ್ಲಿ ಸೀನಿಯರ್ ಆಗಿದೆ ಅಂದೆ. ಡಿಬೇಟಲ್ಲಿ ಪ್ರತಿ ವರ್ಷ ಫಸ್ಟ್ ಪ್ರೈಜ್ ಅಂದೆ. ಮೈಸೂರು ದಸರಾದಲ್ಲಿ ಸಾವಿರಾರು ಜನದ ಮುಂದೆ ನಿರೂಪಣೆ ಮಾಡಿದಾಳೆ, ಮೈಕೇ ಬೇಡ ಅನ್ನೋ ಕಂಠ ಅಂದೆ!"

ಬಿಚ್ಚಿದ ಸೂಟ್‌ಕೇಸನ್ನು ಜಾಹ್ನವಿ ಮತ್ತೆ ಮುಚ್ಚಿದಳು. ಶಾಲೆಯ ಪ್ರಾರ್ಥನೆಯಲ್ಲೂ ಅವಳು ತುಟಿಯನ್ನಷ್ಟೇ ಆಡಿಸುತ್ತಿದ್ದವಳು.

"ಆಂಟೀ... ಅವ್ರಿಗೆ ನನ್ನ ಕಂಠ ಯಾಕೆ?"

"ಯಾರಿಗ್ಗೊತ್ತು? ಮನೇಲಿ ಮೊಮ್ಮಗ ಇರ್ಬೇಕು. ನಾಳೆ ವಿಚಾರಿಸ್ತೀನಿ ಬಿಡು."

ಮೆಟ್ಟಿಲ ಮೇಲೆ ಹೆಜ್ಜೆಸದ್ದಾಯಿತು. ಅಜ್ಜಿ ಮುಂದೆ, ಹಿಂದೆ ಮಧುಕರ್. ಅಜ್ಜಿ ಮೂಲೆಗೆ ಹೋಗಿ, ಮದುಮಗಳ ಮುಸುಕು ಸರಿಸುವಂತೆ ಎರಡು ಬೆರಳಲ್ಲಿ ಬಿಳಿ ಬಟ್ಟೆ ಎತ್ತಿದರು. ಜಾಹ್ನವಿ ಕಣ್ಣು ಮುಚ್ಚಿಕೊಂಡಳು. ತೆರೆದಾಗ ಎದುರಿಗೆ ಸಾಲು ಸಾಲು ಗುಂಡಿಗಳ ಒಂದು ಕಬ್ಬಿಣದ ಪೆಟ್ಟಿಗೆ. ಅದರ ನೆತ್ತಿಯಿಂದ ಹೆಡೆ ಎತ್ತಿ ನಿಂತ ಒಂದು ಮೈಕು.

ಅಜ್ಜಿ ಹೇಳುತ್ತಾ ಹೋದರು. ಮಧುಕರ್ ಕನ್ನಡಿಸುತ್ತಾ ಹೋದ, ಹೋಗುತ್ತಾ ಹೋಗುತ್ತಾ ಬೆಳ್ಳಗಾದ.

"ಜಾಹ್ನವಿ... ಆ ಏಳನೇ ಕಂಡೀಷನ್ನು ಕಸದ್ದಲ್ವಂತೆ. ದಿನಾ ಸಂಜೆ ಐದು ಗಂಟೆಗೆ ಇಡೀ ಊರಿಗೆ ಅನೌನ್ಸ್‌ಮೆಂಟ್ ಮಾಡ್ಬೇಕಂತೆ. ಮಕ್ಕಳು ಮನೆಗೆ ಹೋಗಿ, ವಯಸ್ಸಾದವ್ರು ಮಾತ್ರೆ ತಗೊಳ್ಳಿ, ಹಾಗೆ. ಪಂಚಾಯ್ತಿ ಆಫೀಸಿನ ಸೂರು ತೂಫಾನಿಗೆ ಹಾರಿಹೋದಾಗಿಂದ ಮೈಕ್ ಇಲ್ಲೇ ಇದೆ. ಮಾಡೋರಿಗೆ ಅರ್ಧ ಬಾಡಿಗೆ ಊರಿನವ್ರೇ ಕಟ್ಟೋದು. ಈಗಿನ ಕಾಲದ ಬಾಡಿಗೆದಾರರು ನಾಚ್ಕೊಂಡು ಮೂರು ತಿಂಗಳಿಗೇ ಓಡೋಗ್ತಾರಂತೆ. ಪಾಪ, ಆಮೇಲೆ ಅಜ್ಜೀನೇ ಕೂಗಿ ಕೂಗಿ ಗಂಟ್ಲು ಹೋಗಿದೆ."

"ಮತ್ತೆ ಸತ್ತವರು?"

"ಯಾರು ಸತ್ತವರು?"

ಜಾಹ್ನವಿ ಫೋಟೋ ತೋರಿಸಿದಳು.

"ಅವ್ರಾ? ಅಜ್ಜಿ ಗಂಡ. ಮೂವತ್ತು ವರ್ಷ ಅನೌನ್ಸ್ ಮಾಡಿದ್ದಕ್ಕೆ ಊರಿನವ್ರು ಸನ್ಮಾನ ಮಾಡಿದಾಗ ತೆಗೆದಿದ್ದಂತೆ. ಈಗ ನಾಹಾ ಸಿಟೀಲಿ ಮಗಳ ಮನೇಲಿ ಹಾಯಾಗಿದಾರೆ. ಗಂಟ್ಲೊಂದು ಇಲ್ಲ."

ಯಾರಾದರೂ ಸತ್ತಿದ್ದರೆ ಎಷ್ಟು ಚೆನ್ನಾಗಿತ್ತು, ಎಂದು ಜಾಹ್ನವಿಗೆ ಮನಸಾರೆ ಅನ್ನಿಸಿತು. ಸತ್ತವರು ಮೈಕಿನ ಮುಂದೆ ಕೂರಿಸುವುದಿಲ್ಲ.

"ನನಗೆ ಜಪಾನೀಸೇ ಬರಲ್ಲ ಅಂತ ಹೇಳಿ!"

ಅಜ್ಜಿ ನಕ್ಕು ಕೈಬೀಸಿದರು. ಭಾಷೆ ಯಾವುದಾದರೂ ಆದೀತು. ದನಿ ಬಂದರೆ ಸಾಕು, ಐದಾಯಿತೆಂದು ಊರಿಗೆ ತಿಳಿಯುತ್ತದೆ. ಹೊಸಬಳು ಬಂದಿದ್ದಾಳೆ, ದೊಡ್ಡ ಕಲಾವಿದೆ ಎಂದು ಮಧ್ಯಾಹ್ನವೇ ಎಲ್ಲರಿಗೂ ಹೇಳಿಯೂ ಆಗಿದೆ. ಕಿಟಕಿಯಿಂದ ಬಗ್ಗಿ ನೋಡಿದರೆ ಕೆಳಗೆ ರಸ್ತೆಯಲ್ಲಿ ಹತ್ತಿಪ್ಪತ್ತು ಜನ, ಸೈಕಲ್ಲು ನಿಲ್ಲಿಸಿಕೊಂಡ ಮಕ್ಕಳು, ಬಲೆ ಹೆಗಲ ಮೇಲಿದ್ದ ಮೀನುಗಾರ, ಎಲ್ಲರೂ ಮುಖ ಮೇಲೆತ್ತಿ ನಿಂತಿದ್ದರು.

"ಮಧುಕರ್, ನೀವೇ ಮಾಡಿ ಪ್ಲೀಸ್. ಮಾತು ನಂಗೆ ಬಿಡಿ ಅಂದಿದ್ರಲ್ಲ!"

"ಅಯ್ಯೋ, ಕಾರು ನೋ ಪಾರ್ಕಿಂಗಲ್ಲಿದೆ ಕಣ್ರೀ," ಎಂದ ಮಧುಕರ್. ಆ ಕ್ಷಣದಲ್ಲೇ ಅವನ ಕಾಲುಗಳು ಮೆಟ್ಟಿಲಿಳಿಯುತ್ತಿದ್ದವು. ಆ ಊರಿನಲ್ಲಿ ಕನ್ನಡ ಬಲ್ಲ ಇನ್ನೊಂದೇ ಜೀವ ತಿರುವಿನಲ್ಲಿ ಮರೆಯಾಯಿತು.

ಮುಳ್ಳು ಕೆಂಪು ಚುಕ್ಕೆಯ ಮೇಲೆ ಬಂದು ನಿಂತಿತು. ಅಜ್ಜಿ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಒಂದು ಗುಂಡಿ ಒತ್ತಿದರು. ಕೆಂಪು ದೀಪ ಹೊತ್ತಿತು. ಜಾಹ್ನವಿ ಉಸಿರೆಳೆದುಕೊಂಡದ್ದು ಊರಿಗೆಲ್ಲ ಕೇಳಿಸಿತು. ಹನ್ನೊಂದು ಕಂಬಗಳ ಹನ್ನೊಂದು ಸ್ಪೀಕರುಗಳು ಕಿಂಜೋ ಸಾನ್‌ನಂತೆ 'ಸ್ಸ್‌ಸ್' ಎಂದವು.

ಅವಳಿಗೆ ಗೊತ್ತಿದ್ದ ನಾಲ್ಕು ಜಪಾನಿ ಮಾತುಗಳೂ ಓಡಿಹೋಗಿದ್ದವು. ಇಂಗ್ಲಿಷೂ ಓಡಿಹೋಗಿತ್ತು. ಒಳಗೆ ಉಳಿದಿದ್ದದ್ದು ಒಂದೇ. ಬೆಳಿಗ್ಗೆ ಡೈರಿಯಲ್ಲಿ ಬರೆದು ಸೀರೆಗಳಡಿ ಮುಚ್ಚಿಟ್ಟು ಬಂದದ್ದು.

"ನನಗೆ..." ಎಂದಳು. ಕಣ್ಣು ಬಿಗಿಯಾಗಿ ಮುಚ್ಚಿದಳು. "ನನಗೆ ಈ ಮನೆ ಬೇಡ. ಬೇಡ!"

ಕಬ್ಬಿನ ಗದ್ದೆಯ ಕಂಬ 'ಬೇಡ' ಎಂದಿತು. ಬಂದರಿನ ಕಂಬ ಒಂದು ಕ್ಷಣ ತಡವಾಗಿ 'ಬೇಡ' ಎಂದಿತು. ಗುಡ್ಡದ ಮೇಲಿನದು ಇನ್ನೂ ತಡವಾಗಿ, ಇನ್ನೂ ಗಟ್ಟಿಯಾಗಿ, ಸಮುದ್ರಕ್ಕೆಲ್ಲ ಕೇಳಿಸುವಂತೆ 'ಬೇಡ' ಎಂದಿತು.

ಓಶಿರೋ ಸಾನ್ ಕಣ್ಣೊರೆಸಿಕೊಂಡರು. ಕೆಳಗೆ ಚಪ್ಪಾಳೆಯೋ ಚಪ್ಪಾಳೆ. ಮಕ್ಕಳು 'ಬೇಡಾ! ಬೇಡಾ!' ಎಂದು ಕೂಗುತ್ತಾ, ಐದು ಗಂಟೆಯಾಯಿತೆಂದು ಸೈಕಲ್ಲು ಹತ್ತಿ ಮನೆಗೆ ಹೊರಟರು.