ಲಾರಿ ರೇಡಿಯೊದಲ್ಲಿ ನುಗ್ಗೆಮರ

ನನಗೊಂದು ಚಾಳಿಯಿದೆ. ಯಾರಾದರೂ ‘ಆ ಕಾಲದಲ್ಲಿ...’ ಎಂದು ಬಾಯಿ ತೆಗೆದರೆ ಸಾಕು, ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ಆ ಕಾಲ ಎಂದರೆ ಯಾವುದು? ಚೆನ್ನಾಗಿತ್ತು ಎಂದರೆ ಯಾರಿಗೆ? ಅಳೆದವರು ಯಾರು, ಅಳತೆಕೋಲು ಎಲ್ಲಿದೆ, ಸ್ವಲ್ಪ ತೋರಿಸಿ! ಇಷ್ಟು ಕೇಳದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ಸೇಲಂನಲ್ಲಿ ಓದುವಾಗ ಕಾಲೇಜಿನ ಚರ್ಚಾಸ್ಪರ್ಧೆಯ ತಂಡದಲ್ಲಿದ್ದುದರ ಫಲ ಇದು. ಅಲ್ಲಿ ಈ ಚಾಳಿಗೆ ಕಪ್ ಕೊಡುತ್ತಿದ್ದರು; ಮನೆಯಲ್ಲಿ ಸೌಟು ತೋರಿಸುತ್ತಾರೆ. ಮದುವೆಮನೆಯ ಪಂಕ್ತಿಯಲ್ಲಿ ನನ್ನ ಪಕ್ಕ ಕೂತ ಹಿರಿಯರೊಬ್ಬರು ಪಾಯಸ ಬರುವ ಮೊದಲೇ ಎಲೆ ಮಡಿಸಿ ಎದ್ದುಹೋದದ್ದೂ ಉಂಟು. ಪಾಪ, ಅವರು ಹೇಳಿದ್ದು ಇಷ್ಟೇ: ‘ಮೊದ್ಲೆಲ್ಲಾ ಸಾರು ಇಂಗೆ ನೀರ್ ನೀರಾಗಿರ್ತಿರಲಿಲ್ಲ ಕಣಮ್ಮ.’ ಅಮ್ಮ ನನ್ನನ್ನು ‘ಲಾಯರಮ್ಮ’ ಎಂದೇ ಕರೆಯುವುದು. ನಾನು ಓದಿದ್ದು ಕಾನೂನಲ್ಲ, ಅರ್ಥಶಾಸ್ತ್ರ ಎಂದು ತಿದ್ದಿದರೆ, ‘ನೋಡು, ಇದಕ್ಕೇ ಅನ್ನೋದು ಲಾಯರಮ್ಮ ಅಂತ’ ಎನ್ನುತ್ತಾಳೆ.

ನಮ್ಮದು ಓಮಲೂರಿನ ಹತ್ತಿರದ ಕಡಯಂಪಟ್ಟಿ. ಹೊಸಿಲೊಳಗೆ ಕನ್ನಡ, ಹೊಸಿಲಾಚೆ ತಮಿಳು. ಒಳಗಿನ ಕನ್ನಡಕ್ಕೂ ಪಕ್ಕದ ಸೀಟಿನಲ್ಲಿ ತಮಿಳು ಕೂತೇ ಇರುತ್ತದೆ. ‘ಹ’ ಅಕ್ಷರವಂತೂ ನಮ್ಮ ಮನೆ ಬಿಟ್ಟು ತಲೆಮಾರುಗಳಾದವು: ನಾವು ಹೋಗುವುದಿಲ್ಲ, ಓಗುತ್ತೇವೆ, ಹೇಳುವುದಿಲ್ಲ, ಏಳುತ್ತೇವೆ. ನಾನು ಕನ್ನಡ ಬರೆಯಲು ಕಲಿತದ್ದು ಕೂಡ ಹೊಸೂರಿನ ಗೆಳತಿಯೊಬ್ಬಳು ‘ನಿಮ್ದು ಬರೀ ಬಾಯಿಕನ್ನಡ’ ಎಂದಳೆಂಬ ಹಟಕ್ಕೆ. ಅಪ್ಪ ಲಾರಿ ಓಡಿಸುತ್ತಾನೆ. ಸೇಲಂನಿಂದ ನಾಗಪುರಕ್ಕೆ ಸಬ್ಬಕ್ಕಿ ಮೂಟೆ, ಬರುವಾಗ ಕಿತ್ತಳೆಯೋ ಈರುಳ್ಳಿಯೋ ಯಾವುದು ಸಿಕ್ಕರೆ ಅದು. ಹೀಗಾಗಿ ನಮ್ಮ ಮನೆಯಲ್ಲಿ ಗಂಡ-ಹೆಂಡಿರ ಸಂಸಾರ ನಡೆಯುವುದು ಬಹುಮಟ್ಟಿಗೆ ಫೋನಿನಲ್ಲಿ. ಜಗಳವಾದಾಗ ಮಾತ್ರ ಅದು ರೇಡಿಯೊಗೆ ವರ್ಗವಾಗುತ್ತದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಪ್ಪ-ಅಮ್ಮನ ನಡುವೆ ಮದುವೆಯಾದ ಹೊಸತರಿಂದಲೂ ಒಂದು ಕಟ್ಟಳೆಯಿದೆ. ಮುನಿಸಿದ್ದಾಗ ಯಾರು ಮೊದಲು ಫೋನ್ ಮಾಡುತ್ತಾರೋ ಅವರು ಸೋತಂತೆ. ಇಬ್ಬರೂ ಸೋಲುವ ಜಾತಿಯಲ್ಲ. ಆದರೆ ರೇಡಿಯೊಗೆ ಫೋನ್ ಮಾಡಿದರೆ ಅದು ಲೆಕ್ಕಕ್ಕಿಲ್ಲ! ನಮ್ಮ ಕಡೆಯ ಎಫ್‌ಎಂ ಒಂದರಲ್ಲಿ ರಾತ್ರಿಯಿಡೀ ಲಾರಿಯವರಿಗೆಂದೇ ಹಾಡು-ಮಾತು ನಡೆದು ಬೆಳಗಾಗುವ ಹೊತ್ತಿಗೆ ಮುಗಿಯುತ್ತದೆ. ಅದರ ಕೊನೆಯ ಭಾಗ, ಅಮ್ಮ ಒಲೆ ಹಚ್ಚುವ ಹೊತ್ತು. ಅಪ್ಪ ಊರಿಗೆ ಮರಳುವ ದಿನವಾದರೆ ತೊಪ್ಪೂರಿನ ಚಹಾ ಅಂಗಡಿಯ ಮುಂದೆ ಲಾರಿ ನಿಲ್ಲಿಸುವ ಹೊತ್ತೂ ಅದೇ. ಆಗೆಲ್ಲ ಕಾರ್ಯಕ್ರಮ ನಡೆಸುತ್ತಿದ್ದವರು ಒಬ್ಬ ದಪ್ಪ ದನಿಯ ಮನುಷ್ಯ. ಹೆಸರು ಯಾರಿಗೂ ನೆನಪಿಲ್ಲ, ಎಲ್ಲರಿಗೂ ‘ರೇಡಿಯೊ ಅಣ್ಣ’. ಅಮ್ಮ ಫೋನ್ ಹಚ್ಚಿ ತಮಿಳಿನಲ್ಲಿ ಹಾಡು ಕೇಳುತ್ತಿದ್ದಳು. ಅವರು ‘ಏನು ಅಡುಗೆ, ತಾಯಿ?’ ಎಂದು ವಿಚಾರಿಸಿ, ಕೊನೆಗೆ, ‘ಸರಿ, ನಿಮ್ಮ ಮನೆ ಮಾತಿನಲ್ಲಿ ಎರಡು ಮಾತು ಹೇಳಿಬಿಡಿ, ನನಗೆ ಹೇಗೂ ಅರ್ಥವಾಗುವುದಿಲ್ಲ’ ಎಂದು ಸುಮ್ಮನಾಗುತ್ತಿದ್ದರು. ಆ ಸುಮ್ಮನಿದ್ದ ಜಾಗದಲ್ಲಿ ಅಮ್ಮ ಕನ್ನಡದಲ್ಲಿ, ‘ಕೋಳಿ ಸಾರು ಆಗೈತೆ. ಬೇಕಾದ್ರೆ ಬರ್ಲಿ, ಬ್ಯಾಡಾದ್ರೆ ಲಾರಿಲೇ ಮಲಗ್ಲಿ’ ಎನ್ನುತ್ತಿದ್ದಳು. ಅಪ್ಪ ಬರುತ್ತಿದ್ದ. ಸೋತವರು ಯಾರೂ ಇಲ್ಲ. ಎರಡು ಜಿಲ್ಲೆಗೆ ಕೇಳುವಂತೆ ಹೇಳಿದರೂ ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು. ತಮಿಳು ಊರಿಗೆ, ಕನ್ನಡ ಅಪ್ಪನಿಗೆ.

ರೇಡಿಯೊ ಅಣ್ಣ ನಿವೃತ್ತರಾಗಿ, ಅವರ ಜಾಗಕ್ಕೆ ಒಬ್ಬ ಹುಡುಗ ಒಬ್ಬಳು ಹುಡುಗಿ ಬಂದರು. ಇಬ್ಬರೂ ತಮಾಷೆ ಹೇಳುವ ಮೊದಲೇ ನಗುವವರು. ಲಾರಿಯವರನ್ನು ‘ಹೈವೇ ಹೀರೋಸ್’ ಎನ್ನುತ್ತಾರೆ. ನೇರ ಫೋನ್ ಇಲ್ಲ. ವಾಟ್ಸಾಪಿನಲ್ಲಿ ದನಿ ಮುದ್ರಿಸಿ ಕಳಿಸಬೇಕು, ಅವರು ಕತ್ತರಿಸಿ, ಹಿಂದೊಂದು ಬಾತುಕೋಳಿ ಸದ್ದು ಸೇರಿಸಿ ಹಾಕುತ್ತಾರೆ. ಬಾತುಕೋಳಿಗೂ ಲಾರಿಗೂ ಏನು ಸಂಬಂಧವೋ ನನಗಿನ್ನೂ ತಿಳಿದಿಲ್ಲ.

‘ರೇಡಿಯೊ ಕೆಟ್ಟೋಯ್ತು’ ಎಂದಳು ಅಮ್ಮ. ನನ್ನ ಬೆನ್ನು ನೆಟ್ಟಗಾಯಿತು.

‘ಕೆಟ್ಟಿದ್ದು ಅಂದ್ರೆ? ಅಳತೆ ಏನಮ್ಮ?’

‘ಅಳತೆ ಯಾಕ್ಲೇ, ಕಿವಿ ಇಲ್ವಾ?’

‘ಕಿವಿ ಸಾಕ್ಷಿ ಆಗಲ್ಲ. ಆ ರೇಡಿಯೊ ಅಣ್ಣ ಒಬ್ಬ ಹರೂರಿನವನ ಮೇಕೆ ತಪ್ಪಿಸಿಕೊಂಡ ಕತೆನ ಅರ್ಧ ಗಂಟೆ ಕೇಳ್ತಾ ಕೂತಿದ್ರು. ಅದು ಗುಣಮಟ್ಟನಾ?’

‘ಮೇಕೆ ಸಿಕ್ತಾ ಇಲ್ವಾ ಅಂತ ನೀನೂ ಅಲ್ಲುಜ್ಜೋದು ಬಿಟ್ಟು ಕೇಳ್ತಾ ನಿಂತಿದ್ದೆ.’

ಇದು ವೈಯಕ್ತಿಕ ದಾಳಿ, ವಾದವಲ್ಲ ಎಂದು ನಾನು ದಾಖಲಿಸಿದೆ. ರೇಡಿಯೊ ಅಣ್ಣನ ದೋಷಗಳನ್ನು ಒಂದೊಂದಾಗಿ ಹರಡಿದೆ. ತೊಪ್ಪೂರಿನ ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ಗಾಡಿಯನ್ನು ನ್ಯೂಟ್ರಲ್ಲಿಗೆ ಹಾಕಬೇಡಿ ಎಂದು ಅವರು ದಿನಾ ಹೇಳುತ್ತಿದ್ದರು. ಒಂದೇ ಮಾತನ್ನು ದಿನಾ ಹೇಳುವುದು ಮಾತಿನ ಬಡತನ. ಇನ್ನು ಊರಿನ ಮಾತೇ ಕೆಟ್ಟಿದೆ ಎಂಬ ಅಮ್ಮನ ಎರಡನೆಯ ಆರೋಪ. ಬಸ್ ನಿಲ್ದಾಣದ ಬಳಿಯ ಚಹಾ ಅಂಗಡಿಯ ಬೆಂಚಿನ ಮೇಲೆ ಮೊದಲು ಗಂಡಸರು ಬೆಳಗಿನಿಂದ ಮಧ್ಯಾಹ್ನದವರೆಗೆ ಮೆಟ್ಟೂರು ಅಣೆಕಟ್ಟಿನಲ್ಲಿ ನೀರೆಷ್ಟಿದೆ ಎಂದು ಕಚ್ಚಾಡುತ್ತಿದ್ದರಂತೆ. ಈಗ ಯಾರೂ ಬಾಯಿ ಬಿಡುವುದಿಲ್ಲವಂತೆ. ನಿಜ. ಈಗ ಫೋನ್ ತೆಗೆದರೆ ನೀರಿನ ಮಟ್ಟ ಕಣ್ಣೆದುರೇ ಇರುತ್ತದೆ. ಇದು ಪ್ರಗತಿ ಅಲ್ಲವೇ, ಸುಳ್ಳಿನ ಜಾಗಕ್ಕೆ ನಿಜ ಬಂದಿದೆ ಅಲ್ಲವೇ ಎಂದೆ. ‘ನಿಜ ಬಂತು, ಮನುಷ್ಯರು ಎದ್ದೋದ್ರು’ ಎಂದಳು ಅಮ್ಮ, ಈರುಳ್ಳಿ ಹೆಚ್ಚುತ್ತ. ಅದಕ್ಕೆ ಉತ್ತರ ನನ್ನ ಬಳಿ ಇತ್ತು. ಎಲ್ಲೋ ಇತ್ತು. ಹುಡುಕುವಷ್ಟರಲ್ಲಿ ಕುಕ್ಕರ್ ಕೂಗಿತು.

ಇಂಥ ಹೊತ್ತಿನಲ್ಲೇ ಅಪ್ಪ ನುಗ್ಗೆಮರ ಮುರಿದ.

ಮನೆ ಪಕ್ಕದ ಖಾಲಿ ಜಾಗದಲ್ಲಿ ಲಾರಿ ಹಿಂದಕ್ಕೆ ತೆಗೆಯುವಾಗ, ಅಮ್ಮ ರಂಗೋಲಿ ಹಾಕುತ್ತಲೇ ‘ನಿಲ್ಸಿ, ನಿಲ್ಸಿ’ ಎಂದು ಕೂಗಿದರೂ ಕೇಳದೆ, ಕಾಯಿ ತೂಗುತ್ತಿದ್ದ ಮರವನ್ನು ಬುಡಕ್ಕೇ ಉರುಳಿಸಿದ. ಮುರಿದದ್ದಕ್ಕೆ ಅಮ್ಮನಿಗೆ ಅಷ್ಟು ಸಿಟ್ಟಿರಲಿಲ್ಲ. ನುಗ್ಗೆ ಎಂದರೆ ಕೊಂಬೆ ನೆಟ್ಟರೂ ಚಿಗುರುತ್ತದೆ. ಅಪ್ಪ ಇಳಿದು ಬಂದು, ಟೈರು ನೋಡಿ, ಮರ ನೋಡಿ, ‘ಮರ ಅಡ್ಡ ಬಂತು’ ಎಂದನಲ್ಲ, ಅದು ಚುಚ್ಚಿತು. ಅಮ್ಮನ ಮದುವೆಯ ವರ್ಷ ನೆಟ್ಟ ಮರ ಒಂದು ಹೆಜ್ಜೆ ಕೂಡ ಆಚೀಚೆ ಹೋದದ್ದಿಲ್ಲ. ‘ತಪ್ಪು ನಂದು ಅಂತ ಏಳೋವರ್ಗೂ ಈ ಮನೇಲಿ ಎಲೆ ಆಕಲ್ಲ’ ಎಂದಳು. ಅಪ್ಪ ಅಂದೇ ಲೋಡು ಸಿಕ್ಕಿತೆಂದು ನಾಗಪುರಕ್ಕೆ ಹೊರಟುಬಿಟ್ಟ. ಹಿಂದಿರುಗಿ ಬಂದರೂ ಮನೆಗೆ ಬರಲಿಲ್ಲ; ಓಮಲೂರಿನ ಲಾರಿ ಶೆಡ್ಡಿನಲ್ಲೇ ಗಾಡಿ ನಿಲ್ಲಿಸಿ, ಹೋಟೆಲಿನಲ್ಲಿ ಉಂಡು, ಅಲ್ಲಿಂದಲೇ ಮತ್ತೊಂದು ಲೋಡಿಗೆ ಹೋದ. ಇತ್ತ ಅಮ್ಮ ಎರಡು ಹೊತ್ತೂ ಅನ್ನಕ್ಕೆ ಅವನ ಪಾಲಿನ ಅಕ್ಕಿಯನ್ನೂ ಸೇರಿಸಿಯೇ ಹಾಕುತ್ತಿದ್ದಳು. ಉಳಿದದ್ದನ್ನು ನಾನು ಮೂರು ಹೊತ್ತೂ ಚಿತ್ರಾನ್ನ ಮಾಡಿಕೊಂಡು ತಿಂದೆ. ಈ ಜಗಳ ಬೇಗ ಮುಗಿಯಬೇಕಿತ್ತು, ನನ್ನ ಆರೋಗ್ಯದ ದೃಷ್ಟಿಯಿಂದಾದರೂ.

ಕೊನೆಗೊಂದು ಬೆಳಿಗ್ಗೆ ರೇಡಿಯೊದಲ್ಲಿ ಅಪ್ಪನ ದನಿ ಬಂತು. ಅಮ್ಮ ಒಲೆ ಸಣ್ಣ ಮಾಡಿದಳು. ಅಪ್ಪ ತಮಿಳಿನಲ್ಲಿ ಠೀವಿಯಿಂದ ಹೇಳುತ್ತಿದ್ದ: ‘ನನ್ನ ಹೆಂಡತಿ ನಾನು ಮರ ಮುರಿದೆ ಅಂತಾಳೆ. ಇಷ್ಟು ವರ್ಷದ ಸರ್ವೀಸಿನಲ್ಲಿ ನಾನು ಯಾವ ಮರಕ್ಕೂ ಗುದ್ದಿಲ್ಲ. ಮರವೇ ಓಡಿಬಂದು ಟೈರಿಗೆ ಬಿತ್ತು!’ ಅಷ್ಟೇ. ಬಾತುಕೋಳಿ ಕೂಗಿತು. ಹುಡುಗ-ಹುಡುಗಿ ಬಿದ್ದು ಬಿದ್ದು ನಕ್ಕರು. ‘ಸೂಪರ್ ಅಣ್ಣಾ!’ ಅಮ್ಮ ಒಲೆಯನ್ನೇ ಆರಿಸಿದಳು. ಅಂದು ನಮಗೆ ತಿಂಡಿಯಿಲ್ಲ.

ಸ್ವಲ್ಪ ಹೊತ್ತಿಗೆ ಅಪ್ಪನ ಫೋನ್ ಬಂತು, ನನಗೆ. ನಾನು ಜಗಳದಲ್ಲಿ ಪಕ್ಷಗಾರಳಲ್ಲವಾದ್ದರಿಂದ ನನಗೆ ಮಾಡಿದರೆ ಸೋಲಾಗುವುದಿಲ್ಲ.

‘ಬಂತಾ ರೇಡಿಯೊದಲ್ಲಿ? ನಿಮ್ಮವ್ವ ಏನಂದ್ಳು?’

‘ಅಪ್ಪಾ, ಮರ ಓಡಿಬಂತು ಅಂತ ಯಾಕಪ್ಪಾ ಏಳ್ದೆ?’

‘ಅದು ಸುಮ್ನೆ ಊರೋರಿಗೆ ಕಣೇ! ಆಮೇಲೆ ನಮ್ ಮಾತಲ್ಲಿ ಏಳಿದ್ನಲ್ಲ, ತಪ್ಪು ನಂದೇ, ನಿನ್ ಕೂಗು ಕೇಳಿಸ್ತು, ಗತ್ತಿಗೆ ನಿಲ್ಲಿಸ್ಲಿಲ್ಲ ಅಂತ?’

ಆಗ ನನಗೆ ಹೊಳೆಯಿತು. ಅಪ್ಪ ಹಳೆಯ ರೂಢಿಯಂತೆಯೇ ಮಾಡಿದ್ದ: ಜಂಬವನ್ನು ತಮಿಳಿನಲ್ಲಿ ಇಟ್ಟಿದ್ದ, ಕ್ಷಮೆಯನ್ನು ಕನ್ನಡದಲ್ಲಿ. ಹೊಸಬರಿಗೆ ಕನ್ನಡ ತಿಳಿಯದು. ತಿಳಿಯದ ಭಾಗವನ್ನು ಕತ್ತರಿಸಿ ಎಸೆದಿದ್ದರು. ಎರಡು ಜಿಲ್ಲೆಗೆ ತಲುಪಿದ್ದು ಬರೀ ಜಂಬ.

ಅಪ್ಪ ಇಡೀ ಧ್ವನಿಮುದ್ರಿಕೆಯನ್ನು ನನಗೆ ಕಳಿಸಿದ. ನಾನು ಗೆದ್ದ ವಕೀಲಳಂತೆ ಅದನ್ನು ಅಮ್ಮನ ಮುಂದೆ ಹಿಡಿದೆ. ಕೈಯಲ್ಲೇ ಸಾಕ್ಷಿ ಇದೆ, ಇನ್ನೇನು ಬೇಕು? ಅಮ್ಮ ಕೇಳಿಸಿಕೊಳ್ಳಲೇ ಇಲ್ಲ. ‘ನಿನ್ ಫೋನಲ್ಲಿ ಏಳಿದ್ದು ನಿನ್ ಫೋನಲ್ಲೇ ಇರ್ಲಿ. ಆಡ್ಕೊಂಡಿದ್ದು ಊರಿಗೆಲ್ಲಾ ಕೇಳೋ ಅಂಗೆ, ತಪ್ಪೊಪ್ಕೊಳ್ಳೋದು ಮೂಲೇಲಾ? ರೇಡಿಯೊದಲ್ಲಿ ಬರ್ಲಿ.’ ಬೆಳಿಗ್ಗೆ ಹಾಲಿನವನು ಬೇರೆ, ‘ಏನಕ್ಕಾ, ನಿಮ್ಮನೆ ಮರ ಓಡ್ತದಂತೆ?’ ಎಂದು ಕೇಳಿ ಹೋಗಿದ್ದ.

ಸರಿ, ಈ ಮೊಕದ್ದಮೆಯನ್ನು ನಾನೇ ಕೈಗೆತ್ತಿಕೊಂಡೆ. ರೇಡಿಯೊದವರಿಗೆ ದನಿ ಮುದ್ರಿಸಿ ಕಳಿಸಲು ಕೂತೆ. ಚರ್ಚಾಸ್ಪರ್ಧೆಯಲ್ಲಿ ನಮಗೆ ಕಲಿಸಿದ ಮೊದಲ ಪಾಠವೆಂದರೆ, ಎದುರಾಳಿಯ ಒಳ್ಳೆಯದನ್ನು ಮೊದಲು ಧಾರಾಳವಾಗಿ ಒಪ್ಪಿಕೊಳ್ಳಬೇಕು. ತೀರ್ಪುಗಾರರಿಗೆ ನಾವು ನ್ಯಾಯವಂತರೆಂದು ತೋರುತ್ತದೆ. ಆಮೇಲೆ ‘ಆದರೆ’ ಎಂದು ಬುಡಕ್ಕೆ ಕೊಡಲಿ ಹಾಕಬೇಕು. ಹಾಗೆಯೇ ಮಾಡಿದೆ. ಅಚ್ಚ ತಮಿಳಿನಲ್ಲಿ, ವೇದಿಕೆಯ ದನಿಯಲ್ಲಿ: ‘ನಿಮ್ಮ ಕಾರ್ಯಕ್ರಮದಲ್ಲಿ ಉತ್ಸಾಹವಿದೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಅದರ ವೇಗ ಚಾಲಕರ ನಿದ್ದೆ ಓಡಿಸುತ್ತದೆ. ನಿಮ್ಮಿಬ್ಬರ ನಗು ಈ ಹೆದ್ದಾರಿಗೆ ಹೊಸ ಬೆಳಕು. ಆದರೆ...’ ಆಮೇಲಿನದು ಬಹಳ ಚೆನ್ನಾಗಿತ್ತು. ಜನರ ಮಾತನ್ನು ಅರ್ಧಕ್ಕೆ ಕತ್ತರಿಸುವುದು ಹೇಗೆ ಅನ್ಯಾಯ ಎಂಬುದನ್ನು ನುಗ್ಗೆಮರದ ಉದಾಹರಣೆ ಸಮೇತ ಮಂಡಿಸಿದ್ದೆ, ಅಪ್ಪನ ಇಡೀ ಧ್ವನಿಮುದ್ರಿಕೆಯನ್ನು ಪ್ರಸಾರ ಮಾಡಬೇಕೆಂದು ಒತ್ತಾಯಿಸಿದ್ದೆ. ಎರಡು ಸಲ ಕೇಳಿ ನನಗೆ ನಾನೇ ಮೆಚ್ಚಿ ಕಳಿಸಿದೆ.

ಮುಂದಿನದನ್ನು ನೀವು ಊಹಿಸಿರುತ್ತೀರಿ. ನಾನು ಊಹಿಸಲಿಲ್ಲ, ತರಬೇತಿ ಪಡೆದ ತಲೆ ನೋಡಿ. ‘ಹೊಸ ಬೆಳಕು’ ಎಂಬಲ್ಲಿಗೆ ನನ್ನನ್ನು ಕತ್ತರಿಸಿ, ತಮಟೆ ನಾದ ಸೇರಿಸಿ, ಕಾರ್ಯಕ್ರಮದ ಜಾಹೀರಾತು ಮಾಡಿದ್ದರು. ಒಂದು ಸಲವಲ್ಲ, ಹಗಲೂ ಇರುಳೂ, ಹಾಡು ಹಾಡಿನ ನಡುವೆ, ನಾನು ಗಂಭೀರವಾಗಿ ‘ನಿಮ್ಮಿಬ್ಬರ ನಗು ಈ ಹೆದ್ದಾರಿಗೆ ಹೊಸ ಬೆಳಕು’ ಎನ್ನುತ್ತಿದ್ದೆ. ಬಾತುಕೋಳಿಯೂ ನನ್ನನ್ನು ಬಿಡಲಿಲ್ಲ. ಮೊದಲ ಸಲ ಕೇಳಿದಾಗ ಅಮ್ಮನ ಕೈಯಿಂದ ಹಿಟ್ಟಿನ ಬಟ್ಟಲು ಜಾರಿತು. ಎರಡನೆಯ ಸಲಕ್ಕೆ ಗೋಡೆಗೊರಗಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಷ್ಟೋ ದಿನದ ಮೇಲೆ ಅಮ್ಮ ಹಾಗೆ ನಕ್ಕದ್ದು. ಆ ನಗುವಿನ ನಡುವೆಯೇ ಅವಳ ಫೋನ್ ಬಡಿದುಕೊಂಡಿತು. ಅಪ್ಪ! ಧರ್ಮಪುರಿ ದಾಟುತ್ತಿದ್ದಂತೆ ರೇಡಿಯೊ ಹಿಡಿದಿತ್ತು, ಹಿಡಿದ ಕೂಡಲೇ ನಾನು ಬಂದಿದ್ದೆ. ನಗು ತಡೆಯಲಾಗದೆ, ಲಾರಿ ಪಕ್ಕಕ್ಕೆ ನಿಲ್ಲಿಸಿ, ಕಟ್ಟಳೆ ಮರೆತು ನೇರ ಹೆಂಡತಿಗೇ ಫೋನ್ ಹಚ್ಚಿದ್ದ.

‘ಕೇಳಿದ್ಯಾ? ನಮ್ ಲಾಯರಮ್ಮ...’

‘ಬೆಳಿಗ್ಗೆಯಿಂದ ಅದೇ ಕೇಳ್ತಾ ಇವ್ನಿ. ಬಾತುಕೋಳಿ ಬಂತಾ?’

‘ಬಂತು ಬಂತು!’

ಇಬ್ಬರೂ ನನ್ನನ್ನು ಆಡಿಕೊಂಡು ಮನಸಾರೆ ನಕ್ಕರು. ನಕ್ಕು ಮುಗಿದ ಮೇಲೆ ಎರಡೂ ಕಡೆ ಸುಮ್ಮನಾಯಿತು. ಯಾರೂ ಅದನ್ನು ಕತ್ತರಿಸಲಿಲ್ಲ. ಆಮೇಲೆ ಅಮ್ಮ ಮೆಲ್ಲಗೆ ಕೇಳಿದಳು: ‘ಅದಿರ್ಲಿ, ಮೊದ್ಲು ಫೋನ್ ಮಾಡಿದ್ದು ಯಾರು?’

‘ನಾನೇ ಕಣೇ. ಮರನೂ ನಾನೇ.’

‘ಅಂಗಾದ್ರೆ ಸರಿ. ಮನೆಗೆ ಬನ್ನಿ. ಸೊಪ್ಪಿನ ಸಾರು ಐತೆ. ಮುರಿದ ಬುಡ ಚಿಗುರೈತೆ. ತೊಪ್ಪೂರತ್ರ ನ್ಯೂಟ್ರಲ್ ಗಿಟ್ರಲ್ ಆಕ್ಬ್ಯಾಡಿ.’

ಫೋನಿಟ್ಟು ನನ್ನ ಕಡೆ ತಿರುಗಿದಳು. ರೇಡಿಯೊದಲ್ಲಿ ಬರದ ತಪ್ಪೊಪ್ಪಿಗೆ ಸಿಂಧುವಾಗುವುದು ಹೇಗೆ ಎಂದು ನಾನು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅವಳೇ ಹೊರಗೆ ಹೋಗಿ, ಹಾಲಿನವನಿಂದ ಹಿಡಿದು ಬೀದಿಯ ಕೊನೆಯ ಮನೆಯವರೆಗೆ, ‘ನಮ್ಮನೆಯವ್ರೇ ಸೋತ್ರು’ ಎಂದು ಪ್ರಸಾರ ಮಾಡಿ ಬಂದಳು. ಆ ಪ್ರಸಾರದಲ್ಲಿ ಕತ್ತರಿ ಇರಲಿಲ್ಲ, ಬಾತುಕೋಳಿಯೂ ಇರಲಿಲ್ಲ, ಒಂದೇ ಮಾತನ್ನು ಮನೆಮನೆಗೂ ಹೇಳುವ ಮಾತಿನ ಬಡತನ ಮಾತ್ರ ಧಾರಾಳವಾಗಿತ್ತು.

ರೇಡಿಯೊ ಕೆಟ್ಟಿದೆಯೋ ಇಲ್ಲವೋ, ಆ ವಾದ ಇನ್ನೂ ತೀರ್ಮಾನವಾಗಿಲ್ಲ. ಈಗ ನಾನು ಅದು ಕೆಟ್ಟಿದೆ ಎನ್ನುತ್ತೇನೆ. ಅಮ್ಮ, ಹಾಳಾದದ್ದು ನಿನ್ನ ಪುಣ್ಯದಿಂದ ಸಂಸಾರ ಸರಿಮಾಡಿತಲ್ಲ, ಚೆನ್ನಾಗೇ ಐತೆ ಬಿಡು ಎನ್ನುತ್ತಾಳೆ. ಜಾಹೀರಾತು ಇಂದಿಗೂ ಬರುತ್ತಿದೆ. ಸೇಲಂ ಬಸ್ಸಿನಲ್ಲಿ ಟಿಕೆಟ್ ಕೇಳಿದರೆ ಕಂಡಕ್ಟರು ದನಿ ಗುರುತು ಹಿಡಿದು, ‘ಹೊಸ ಬೆಳಕು ತಾನೇ?’ ಎನ್ನುತ್ತಾರೆ. ಪಾಠ ಕಲಿತಿದ್ದೇನೆ. ಯಾರಿಗೂ ನನ್ನನ್ನು ಅರ್ಧಕ್ಕೆ ಕತ್ತರಿಸುವ ಅವಕಾಶ ಕೊಡಬಾರದೆಂದು, ಈಗ ಯಾವ ವಾದವನ್ನಾದರೂ ‘ಆದರೆ’ಯಿಂದಲೇ ಶುರುಮಾಡುತ್ತೇನೆ. ಮೊನ್ನೆ ಬೆಳಿಗ್ಗೆ ಎದ್ದು ಅಡುಗೆಮನೆಗೆ ಬಂದವಳೇ, ‘ಆದರೆ ಅಮ್ಮಾ...’ ಎಂದೆ.

ಅಮ್ಮ ಸೌಟು ಹಿಡಿದು ತಿರುಗಿದಳು. ‘ಏನ್ಲೇ ಆದ್ರೆ? ನಾನಿನ್ನೂ ಏನೂ ಏಳೇ ಇಲ್ವಲ್ಲ!’