ಸೇಶೆಲ್ಸ್‌ನಲ್ಲಿ ನಾನು ಇಳಿದ ಸ್ಟಾಪುಗಳು

"ಕಿಟಕಿ ಕಡೆ ನೋಡ್ತಾ ಇರಿ, ಇಲ್ದಿದ್ರೆ ಸ್ಟಾಪು ದಾಟ್ಕೊಂಡು ಹೋಗ್ಬಿಡ್ತೀರಿ."

ನನ್ನ ಹೆಂಡತಿ ನನಗೆ ಹೇಳಿದ ಕೊನೆಯ ಮಾತು ಇದು. ಫೋನಿನಲ್ಲಿ ಹೇಳಿದಳು. ಅವಳು ಆಸ್ಪತ್ರೆಯಲ್ಲಿದ್ದಳು. ನಾನು ಲಂಡನ್ನಿನ ಕೆಂಟನ್ನಿನಲ್ಲಿರುವ ನಮ್ಮ ಫ್ಲ್ಯಾಟಿನಿಂದ ಬಸ್ಸಿನಲ್ಲಿ ಅಲ್ಲಿಗೇ ಹೋಗುತ್ತಿದ್ದೆ. ಹೂಂ ಅಂದೆ. ಕಿಟಕಿ ಕಡೆಯೇ ನೋಡುತ್ತಿದ್ದೆ. ಆದರೂ ಎರಡು ಸ್ಟಾಪು ದಾಟಿತು. ವಾಪಸ್ ನಡೆದುಕೊಂಡು ಹೋದಾಗ ಅವಳಿಗೆ ನಿದ್ದೆ ಹತ್ತಿತ್ತು. ಆಮೇಲೆ ಏಳಲಿಲ್ಲ.

ನಾನು ಬಸ್ಸು ಹತ್ತಿದರೆ ಏನಾದರೊಂದು ಆಗುತ್ತಲೇ ಇರುತ್ತದೆ. ಅದೊಂದನ್ನು ಬಿಟ್ಟರೆ ಉಳಿದವೆಲ್ಲ ನಗುವಂಥವೇ. ಅವನ್ನು ಬರೆಯುತ್ತೇನೆ.

ನಾನು ಓದಿದ್ದು ಐದನೇ ಕ್ಲಾಸು. ಇಪ್ಪತ್ತಾರು ವರ್ಷ ಅಲ್ಲೇ ಹತ್ತಿರದ ಕಿಂಗ್ಸ್‌ಬರಿಯ ಒಂದು ಹೋಟೆಲಿನಲ್ಲಿ ದೋಸೆ ಹುಯ್ದೆ. ಇಂಗ್ಲಿಷ್ ಬೋರ್ಡನ್ನು ಅಕ್ಷರ ಅಕ್ಷರ ಕೂಡಿಸಿ ಓದುತ್ತೇನೆ. ಓದಿ ಮುಗಿಯುವಷ್ಟರಲ್ಲಿ ಬೋರ್ಡು ಹಿಂದೆ ಹೋಗಿರುತ್ತದೆ. ಬೋರ್ಡು ಓದುವುದು ಅವಳ ಕೆಲಸ, ಚೀಲ ಹೊರುವುದು ನನ್ನ ಕೆಲಸ. ಹಾಗೇ ನಡೆದಿತ್ತು.

ತಯಾರಾದಾಗ

ಲಂಡನ್ನಿನಲ್ಲಿ ಇಷ್ಟು ವರ್ಷ ಇದ್ದೂ ಕಾರು ಯಾಕಿಲ್ಲ ಅಂತ ಎಲ್ಲರೂ ಕೇಳುತ್ತಾರೆ.

ಒಂದು ಸಲ ಡ್ರೈವಿಂಗ್ ಟೆಸ್ಟಿಗೆ ಹೋಗಿದ್ದೆ. ಪರೀಕ್ಷೆ ಮಾಡುವವನು ಪಕ್ಕದಲ್ಲಿ ಕೂತ. ಬೆಲ್ಟು ಹಾಕಿಕೊಂಡ. "ನೀವು ತಯಾರಾದಾಗ ಹೊರಡಿ" ಅಂದ.

ನಾನು ತಯಾರಾಗಿರಲಿಲ್ಲ. ಕೂತೆ. ಅವನೂ ಕೂತ.

ಸ್ವಲ್ಪ ಹೊತ್ತಾದ ಮೇಲೆ "ಎಲ್ಲಾ ಸರಿಯಾಗಿದೆಯಾ?" ಅಂದ.

"ಎಲ್ಲಾ ಸರಿಯಾಗಿದೆ ಸರ್. ನಾನು ಇನ್ನೂ ತಯಾರಾಗಿಲ್ಲ."

ಅವನು ಕಾಗದದ ಮೇಲೆ ಏನೋ ಬರೆದ. ಮಳೆ ಬಂತು. ನಿಂತಿತು. ಕೊನೆಗೆ ಅವನೇ ಬಾಗಿಲು ತೆಗೆದು ಇಳಿದು ಹೋದ.

ಮನೆಗೆ ಬಂದು ಹೇಳಿದೆ. ಹೆಂಡತಿ ಚಪಾತಿ ಲಟ್ಟಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ನನ್ನ ನೋಡೋಕೆ ಬಂದಾಗಲೂ ಹೀಗೇ ಕೂತಿದ್ರಿ. ಒಪ್ಪಿಗೆ ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಕೊನೆಗೆ ನಮ್ಮಪ್ಪನೇ ಎದ್ದು ಹೋಗಿ ತಾಂಬೂಲ ತಂದ್ರು."

ಕರಾರು

ಹೆಂಡತಿ ಒಂದು ಸ್ಕೂಲಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದಳು. ಅಲ್ಲಿ ಅವಳ ಜೊತೆಗಿದ್ದವಳು ಸೇಶೆಲ್ಸ್ ದೇಶದವಳು. ಹಿಂದೂ ಮಹಾಸಾಗರದ ನಡುವೆ ಇರುವ ಸಣ್ಣ ಸಣ್ಣ ದ್ವೀಪಗಳ ದೇಶ. ಆಕೆಯ ಅಕ್ಕ ಅಲ್ಲಿ ಗೆಸ್ಟ್ ಹೌಸ್ ಇಟ್ಟಿದ್ದಾಳೆ. ಹೋಗೋಣ ಹೋಗೋಣ ಅಂತ ಮೂರು ವರ್ಷ ಹೇಳಿ ಹೆಂಡತಿ ಎರಡು ಟಿಕೆಟ್ ತೆಗೆಸಿದಳು. ಹೊರಡಲು ಆರು ವಾರ ಇದ್ದಾಗ ತೀರಿಕೊಂಡಳು.

ನಮಗೆ ಒಬ್ಬಳೇ ಮಗಳು. ಲಂಡನ್ನಿನ ಅಂಚಿನಲ್ಲಿರುವ ಅಕ್ಸ್‌ಬ್ರಿಡ್ಜ್‌ನಲ್ಲಿ ಮನೆ, ಅಲ್ಲೇ ಆಫೀಸು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಇಲ್ಲಿ ಅವಳ ಮಾತನ್ನೆಲ್ಲ ಕನ್ನಡ ಮಾಡಿ ಬರೆಯುತ್ತೇನೆ. ಕನ್ನಡದಲ್ಲಿ ಅವಳು ಸ್ವಲ್ಪ ಮರ್ಯಾದೆ ಕೊಟ್ಟ ಹಾಗೆ ಕೇಳಿಸುತ್ತದೆ.

"ಅಪ್ಪಾ, ಟಿಕೆಟ್ ಕ್ಯಾನ್ಸಲ್ ಮಾಡೋಣ."

"ಬೇಡ. ಹೋಗಿ ಬರ್ತೀನಿ."

"ಒಬ್ಬರೇ? ಅಮ್ಮ ಇಲ್ದೆ ನೀವು ಪಕ್ಕದ ಹ್ಯಾರೋ ತನಕ ನೆಟ್ಟಗೆ ಹೋಗಿ ಬಂದಿಲ್ಲ. ಹೋಗ್ಲಿ, ಅಲ್ಲಿ ಕಾರು ಡ್ರೈವರ್ ಗೊತ್ತು ಮಾಡ್ತೀನಿ."

"ಯಾಕೆ, ಅಲ್ಲಿ ಬಸ್ಸಿಲ್ವಾ?"

ನಾನು ಕೆಂಟನ್ನಿನ ಫ್ಲ್ಯಾಟು ಬಿಟ್ಟು ತನ್ನ ಮನೆಯಲ್ಲಿ ಇರಬೇಕು ಅಂತ ಅವಳಿಗೆ ಅಮ್ಮ ಹೋದ ದಿನದಿಂದಲೂ ಇತ್ತು. ಈಗ ಕರಾರು ಮಾಡಿದಳು.

"ಹತ್ತು ದಿನ. ದಿನಾ ಸಂಜೆ ನಾನೇ ಫೋನ್ ಮಾಡ್ತೀನಿ. ದಾರಿ ತಪ್ಪಿ ಒಂದೇ ಒಂದು ಸಲ ನೀವು ನನಗೆ ಫೋನ್ ಮಾಡಿದ್ರೆ, ಬಂದ ತಕ್ಷಣ ಫ್ಲ್ಯಾಟು ಬಿಡಬೇಕು. ಮಾಡ್ಲಿಲ್ಲ ಅಂದ್ರೆ ನಿಮ್ಮಿಷ್ಟ, ಅಲ್ಲೇ ಇರಿ."

ಒಪ್ಪಿಕೊಂಡೆ. ಮಗಳು ಕೆಟ್ಟವಳಲ್ಲ. ಆದರೆ ಅವಳ ಮನೆಯಲ್ಲಿ ಸಾಸಿವೆ ಸಿಡಿದರೆ ಸ್ಮೋಕ್ ಅಲಾರಂ ಕೂಗುತ್ತದೆ. ಅಳಿಯ ಟವೆಲ್ ಬೀಸುತ್ತಾ ಅದರ ಕೆಳಗೆ ಕುಣಿಯುತ್ತಾನೆ. ಒಳ್ಳೆಯ ಹುಡುಗ. ದಿನಕ್ಕೆ ಎರಡು ಸಲ ಅವನನ್ನು ಕುಣಿಸಲು ನನಗೆ ಮನಸ್ಸಿಲ್ಲ.

ಪಾಸು

ವಿಮಾನ ಇಳಿದೆ. ಸೆಕೆ. ಎದುರಿಗೇ ಬಸ್ ಸ್ಟಾಪು. ನೀಲಿ ಬಸ್ಸು ಬಂತು, ನಮ್ಮೂರ ಕಡೆಯ ಬಸ್ಸಿನ ಹಾಗೇ ಸದ್ದು ಮಾಡುತ್ತಾ. ಹತ್ತಿದವನು ಅಭ್ಯಾಸಬಲದಿಂದ ಲಂಡನ್ನಿನ ಪಾಸು ತೆಗೆದು ತೋರಿಸಿದೆ.

ಡ್ರೈವರ್ ಕೈಗೆ ತೆಗೆದುಕೊಂಡು ನೋಡಿದ. "ಏನಿದು?"

"ಪಾಸು. ವಯಸ್ಸಾದವರಿಗೆ ಫ್ರೀ."

"ಲಂಡನ್ ಅಂತ ಇದೆ."

"ಹೌದು."

ಅವನು ಕಿಟಕಿಯಿಂದ ಹೊರಗೆ ನೋಡಿದ. ತೆಂಗಿನಮರ, ಅದರ ಹಿಂದೆ ಸಮುದ್ರ. ನನಗೂ ನೋಡು ಅಂತ ಕೈ ತೋರಿಸಿದ. ನೋಡಿದೆ.

"ಇದು ಲಂಡನ್ನಾ?"

"ಅಲ್ಲ."

"ಹಾಗಾದ್ರೆ ಟಿಕೆಟ್ ತಗೋ."

ತೆಗೆದುಕೊಂಡೆ. ಅಷ್ಟರಲ್ಲಿ ಪಾಸು ನನ್ನ ಕೈಗೆ ಬರಲಿಲ್ಲ. ಮುಂದಿನ ಸೀಟಿನ ಹೆಂಗಸು ನೋಡಲು ತೆಗೆದುಕೊಂಡಳು. ಅವಳಿಂದ ಪಕ್ಕದವಳು. ಹಾಗೇ ಕೈಯಿಂದ ಕೈಗೆ ಬಸ್ಸಿನ ಹಿಂದಕ್ಕೆ ಹೋಯಿತು. ಪ್ರತಿಯೊಬ್ಬರೂ ಫೋಟೋ ನೋಡಿ ನನ್ನನ್ನು ನೋಡಿದರು. ಕೊನೆಯ ಸೀಟಿನಲ್ಲಿದ್ದ ಮುದುಕ ಅದನ್ನು ವಾಪಸ್ ಕೊಡಲು ನಡೆದು ಬಂದ. ಕಿವಿಯ ಹತ್ತಿರ ಬಗ್ಗಿ ಕೇಳಿದ:

"ನನಗೂ ಒಂದು ಮಾಡಿಸಿಕೊಡ್ತೀಯಾ?"

ವಿಕ್ಟೋರಿಯಾ

ಆ ದೇಶದ ರಾಜಧಾನಿಯ ಹೆಸರು ವಿಕ್ಟೋರಿಯಾ. ಲಂಡನ್ನಿನ ಒಂದು ದೊಡ್ಡ ರೈಲ್ವೆ ಸ್ಟೇಷನ್ನಿಗೂ ಅದೇ ಹೆಸರು. ಅಲ್ಲಿಗೆ ಹೋದ ಮೇಲೆ ನನಗೆ ಗೊತ್ತಾಯಿತು. ಮಗಳಿಗೆ ಗೊತ್ತಿರಲಿಲ್ಲ.

ಸಂಜೆ ಫೋನ್ ಮಾಡಿದಳು. "ಇವತ್ತು ಎಲ್ಲಿಗೆ ಹೋಗಿದ್ರಿ ಅಪ್ಪಾ?"

"ವಿಕ್ಟೋರಿಯಾಕ್ಕೆ."

"ಎಲ್ಲಿಗೆ?"

"ವಿಕ್ಟೋರಿಯಾಕ್ಕೆ. ಸ್ಟೇಷನ್ ಹತ್ರ ಗಡಿಯಾರದ ಕಂಬ ಇದ್ಯಲ್ಲ, ಅದೇ. ಇಲ್ಲಿ ಬೆಳ್ಳಿ ಬಣ್ಣ ಹೊಡೆದಿದ್ದಾರೆ. ಅದರ ಕೆಳಗೆ ನಿಂತು ಬಾಳೆಹಣ್ಣು ತಿಂದೆ."

"ಹೇಗೆ ಹೋದ್ರಿ?"

"ಬಸ್ಸಲ್ಲಿ."

ಮಗಳು ಮೆಲ್ಲಗೆ, ಡಾಕ್ಟರು ಮಾತಾಡುವ ಹಾಗೆ ಶುರು ಮಾಡಿದಳು.

"ಅಪ್ಪಾ, ಇವತ್ತು ಯಾವ ವಾರ?"

"ಗುರುವಾರ."

"ನೂರರಿಂದ ಏಳೇಳು ಕಳೀತಾ ಹೋಗಿ."

"ಯಾಕೆ?"

"ಹೋಗಿ ಅಪ್ಪಾ, ಪ್ಲೀಸ್."

"ತೊಂಬತ್ತಮೂರು. ಎಂಬತ್ತಾರು. ಎಪ್ಪತ್ತೊಂಬತ್ತು. ಸಾಕಾ?"

"ಸರಿ. ಇಂಗ್ಲೆಂಡಿನ ಪ್ರಧಾನ ಮಂತ್ರಿ ಯಾರು?"

"ನಾನು ಬೆಳಿಗ್ಗೆಯಿಂದ ನ್ಯೂಸ್ ನೋಡಿಲ್ಲ," ಅಂದೆ. "ಮತ್ತೆ ಬದಲಾದ್ರಾ?"

ತಲೆ ಸರಿಯಾಗಿದೆ ಅಂತ ಆಗ ನಂಬಿದಳು.

ಟ್ರಾಫಿಕ್ಕು

ಒಂದು ದಿನ ದೋಣಿಯಲ್ಲಿ ಇನ್ನೊಂದು ದ್ವೀಪಕ್ಕೆ ಹೋದೆ. ಅಲ್ಲಿ ಕಾರೇ ಅಪರೂಪ, ಎಲ್ಲರೂ ಸೈಕಲ್ಲು. ನಾನೂ ಒಂದು ಬಾಡಿಗೆಗೆ ತೆಗೆದುಕೊಂಡೆ. ರಸ್ತೆ ಸಣ್ಣದು. ನಡುವೆ ಒಂದು ಆಮೆ. ಆಮೆ ಅಂದರೆ ನಮ್ಮ ಕೆರೆಯದಲ್ಲ, ಎರಡು ಗ್ರೈಂಡರ್ ಜೋಡಿಸಿದಷ್ಟು ದಪ್ಪ. ಸೈಕಲ್ ಇಳಿದು ನಿಂತೆ. ದೊಡ್ಡ ಪ್ರಾಣಿ, ವಯಸ್ಸಾಗಿದೆ, ಅವಸರ ಮಾಡಬಾರದು. ಬಹಳ ಹೊತ್ತಾಯಿತು. ಬಟ್ಟೆ ಗಂಟು ಹೊತ್ತ ಹೆಂಗಸೊಬ್ಬಳು ಬಂದು ಅದನ್ನು ಸುತ್ತಿಕೊಂಡು ಹೋದಳು. ಹೋದವಳು ತಿರುಗಿ ಕೇಳಿದಳು.

"ಯಾಕೆ ನಿಂತಿದ್ದೀಯಾ?"

"ಅದು ದಾಟಲಿ ಅಂತ."

"ಅದು ನಿನ್ನೆಯಿಂದ ಅಲ್ಲೇ ಇದೆ."

ಸಂಜೆ ಮಗಳಿಗೆ ಟ್ರಾಫಿಕ್ಕಿತ್ತು, ತಡವಾಯಿತು ಅಂದೆ. ಕಾರೇ ಇಲ್ಲ ಅಂದ್ರಲ್ಲ ಅಪ್ಪಾ, ಎಂಥ ಟ್ರಾಫಿಕ್ಕು ಅಂದಳು.

"ಒಂದೇ ಇತ್ತು," ಅಂದೆ. "ಮಲಗಿತ್ತು."

ದೇವಾ

ಗೆಸ್ಟ್ ಹೌಸು ಬೆಟ್ಟದ ಆಚೆ. ವಿಕ್ಟೋರಿಯಾದಿಂದ ಬೆಟ್ಟ ಹತ್ತಿ ಇಳಿದರೆ ಕೊನೆಯ ಸ್ಟಾಪೇ ನನ್ನದು. ಎಲ್ಲರೂ ಇಳಿದಾಗ ಇಳಿಯುತ್ತಿದ್ದೆ. ಲಂಡನ್ ಬಸ್ಸಿನಂತೆ ಒತ್ತುವ ಗುಂಡಿ ಎಲ್ಲೂ ಕಾಣಲಿಲ್ಲ. ನನಗೆ ಬೇಕಾಗಿಯೂ ಇರಲಿಲ್ಲ.

ರಸ್ತೆಗೆ ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ಡ್ರೈವರುಗಳು ಒಲೆಯ ಮೇಲೆ ಹಾಲಿಟ್ಟು ಬಂದವರ ಹಾಗೆ ಓಡಿಸುತ್ತಾರೆ. ಆಗಾಗ ಯಾರಾದರೊಬ್ಬರು "ದೇವಾ!" ಅನ್ನುತ್ತಿದ್ದರು, ಸ್ವಲ್ಪ ಮೂಗಿನಲ್ಲಿ. ಪಾಪ, ಇವರಿಗೂ ನನ್ನ ಹಾಗೇ ಭಯ ಅಂದುಕೊಂಡೆ. ಇಷ್ಟು ದೂರದ ದ್ವೀಪದಲ್ಲೂ ದೇವರನ್ನು ನಮ್ಮ ಮಾತಿನಲ್ಲೇ ಕರೆಯುತ್ತಾರಲ್ಲ ಅಂತ ಸಮಾಧಾನವೂ ಆಯಿತು.

ಎಂಟನೆಯ ದಿನ ಮಧ್ಯಾಹ್ನ. ಬಸ್ಸು ಒಂದು ತಿರುವಿನಲ್ಲಿ ವಾಲಿತು. ನನ್ನ ಬಾಯಿಂದ ತಾನಾಗಿ ಬಂತು.

"ದೇವಾ!"

ಬಸ್ಸು ನಿಂತಿತು. ಬಾಗಿಲು ತೆರೆಯಿತು. ಯಾರೂ ಏಳಲಿಲ್ಲ. ಡ್ರೈವರ್ ಕನ್ನಡಿಯಲ್ಲಿ ನನ್ನನ್ನೇ ನೋಡಿದ. ಪಕ್ಕದ ಹೆಂಗಸು ನನಗೆ ದಾರಿ ಬಿಡಲು ಮೊಣಕಾಲು ಮಡಚಿಕೊಂಡಳು. ಎಲ್ಲರೂ ಕಾಯುತ್ತಿದ್ದರು. ಮರ್ಯಾದೆಗೆ ಇಳಿದೆ. ಬಸ್ಸು ಹೋಯಿತು.

ಸುತ್ತ ಕಾಡು. ಒಂದು ಗಂಟೆಯ ಮೇಲೆ ಇನ್ನೊಂದು ಬಸ್ಸು ಬಂತು. ಹತ್ತಿದೆ. ಈ ಡ್ರೈವರು ಮೊದಲಿನವನಿಗಿಂತ ಜೋರು. ಎರಡನೇ ತಿರುವಿನಲ್ಲಿ ಮತ್ತೆ ಬಂತು, "ದೇವಾ!" ಮತ್ತೆ ಬಸ್ಸು ನಿಂತಿತು. ಮತ್ತೆ ಎಲ್ಲರೂ ನೋಡಿದರು. ಮತ್ತೆ ಇಳಿದೆ.

ಈ ಸಲ ಕಾಡು ಇನ್ನೂ ದಟ್ಟ. ಎಲ್ಲಿದ್ದೇನೆ ಗೊತ್ತಿಲ್ಲ. ಓದಲು ಒಂದು ಬೋರ್ಡೂ ಇಲ್ಲ. ಜೇಬಿನಿಂದ ಫೋನ್ ತೆಗೆದೆ. ನನ್ನದು ಗುಂಡಿ ಫೋನು. ಎರಡು ಒತ್ತಿ ಹಿಡಿದರೆ ಹೆಂಡತಿ, ಮೂರು ಒತ್ತಿದರೆ ಮಗಳು. ದಾರಿ ತಪ್ಪಿದಾಗ ಯಾವಾಗಲೂ ಒತ್ತುವುದನ್ನೇ ಬೆರಳು ಒತ್ತಿತು. ಗಂಟೆ ಹೊಡೆಯುತ್ತಿರುವಾಗ ನೆನಪಾಯಿತು. ಇಡಬೇಕು ಅನ್ನುವಷ್ಟರಲ್ಲಿ ಯಾರೋ ಎತ್ತಿದರು.

"ಅಪ್ಪಾ?"

ಮಗಳು. ಅಮ್ಮನ ಫೋನು ಅವಳ ಹ್ಯಾಂಡ್‌ಬ್ಯಾಗಿನಲ್ಲೇ ಇತ್ತಂತೆ. ದಿನಾ ಚಾರ್ಜ್ ಮಾಡುತ್ತಿದ್ದಳಂತೆ. ನನಗೆ ಹೇಳಿರಲಿಲ್ಲ.

"ಎಲ್ಲಿದ್ದೀರಾ?"

"ಕಾಡಲ್ಲಿ."

"ದಾರಿ ತಪ್ಪಿದ್ದೀರಾ?"

"ಇಲ್ಲ. ದೇವರ ಹೆಸರು ಹೇಳಿದೆ, ಬಸ್ಸಿಂದ ಇಳಿಸಿಬಿಟ್ರು. ಎರಡು ಸಲ."

ಅವಳು ನಕ್ಕಳು. ಅಮ್ಮ ಹೋದ ಮೇಲೆ ಅವಳು ನಕ್ಕಿದ್ದು ನಾನು ಕೇಳಿರಲಿಲ್ಲ. ಆಫೀಸಿನಲ್ಲಿ ಯಾರೋ ಏನಾಯ್ತು ಅಂತ ಕೇಳಿದ್ದೂ ಕೇಳಿಸಿತು. ನಗು ನಿಂತ ಮೇಲೆ ಹೇಳಿದಳು.

"ನೀವು ಫೋನ್ ಮಾಡಿದ್ರಿ ಅಪ್ಪಾ. ಸೋತ್ರಿ."

"ನಿನಗೆ ಮಾಡ್ಲಿಲ್ಲ," ಅಂದೆ.

ಫೋನ್ ಕಟ್ಟಾಯಿತೇನೋ ಅಂತ ಕಿವಿಯಿಂದ ತೆಗೆದು ನೋಡಿದೆ. ಕಟ್ಟಾಗಿರಲಿಲ್ಲ.

"ಸರಿ," ಅಂದಳು. ಇದನ್ನು ಕನ್ನಡದಲ್ಲೇ ಅಂದಳು. "ಕೆಂಟನ್ನಲ್ಲೇ ಇರಿ."

ಅಷ್ಟರಲ್ಲಿ ಎದುರು ದಿಕ್ಕಿನಿಂದ ಬಸ್ಸು ಬಂತು. ಮೊದಲಿನ ಡ್ರೈವರು, ವಿಕ್ಟೋರಿಯಾಕ್ಕೆ ವಾಪಸ್ ಹೋಗುತ್ತಿದ್ದ. ನನ್ನನ್ನು ಕಂಡು ತಾನೇ ನಿಲ್ಲಿಸಿದ.

"ನೀನು ಇಳಿದಿದ್ದು ಇಲ್ಲಿ ಅಲ್ವಲ್ಲ?"

"ಅಲ್ಲ. ಇದು ಎರಡನೇದು."

"ಹತ್ತು. ವಿಕ್ಟೋರಿಯಾ ಮುಟ್ಟಿ ಮತ್ತೆ ಈ ಕಡೆಗೇ ಬರ್ತೀನಿ." ಹತ್ತಿದೆ. "ಇಳಿಯೋಕೆ ಇಷ್ಟ ಇಲ್ದಿದ್ರೆ ಯಾಕೆ ಕೂಗಿದೆ?" ಅಂದ.

"ಇಳಿಯೋಕೆ ಅಲ್ಲ, ದೇವರನ್ನ ಕರೆದೆ. ನೀವೆಲ್ಲ ಕರೀತೀರಲ್ಲ?"

ಅವನಿಗೆ ಅರ್ಥವಾಗಲು ಎರಡು ತಿರುವು ಹಿಡಿಯಿತು. ಅವರ ಮಾತಿನಲ್ಲಿ "ದೆವಾಂ" ಅಂದರೆ ಮುಂದೆ. ಮುಂದಿನ ಸ್ಟಾಪಿನಲ್ಲಿ ನಿಲ್ಲಿಸು ಅಂತ. ಗುಂಡಿ ಇಲ್ಲದ್ದಕ್ಕೆ ಬಾಯಲ್ಲಿ ಹೇಳುತ್ತಾರೆ. ಇಷ್ಟು ದಿನ ನಾನು ಭಕ್ತರು ಅಂದುಕೊಂಡವರೆಲ್ಲ ಮನೆಗೆ ಹೋಗಲು ಇಳಿಯುವವರು.

"ಬಸ್ಸಲ್ಲಿ ಕೂತು ದೇವರನ್ನ ಯಾಕೆ ಕರೀಬೇಕು?" ಅಂತ ಕೇಳಿದ.

"ನೀನು ಓಡಿಸ್ತಿದ್ದೆ," ಅಂದೆ.

ಮಾರನೇ ಬೆಳಿಗ್ಗೆ ಅದೇ ಬಸ್ಸು ಹತ್ತಿದೆ. ಬೆಟ್ಟದ ನಡುವೆ ಒಂದು ಟೀ ತೋಟ ಇದೆ, ಅಲ್ಲಿ ಇಳಿಯಬೇಕಿತ್ತು. ಹಿಂದಿನ ಸೀಟಿನಲ್ಲಿ ಹೊಸದಾಗಿ ಮದುವೆಯಾದ ಇಂಗ್ಲಿಷ್ ಜೋಡಿ. ಅವರೂ ಟೀ ತೋಟಕ್ಕೇ ಹೊರಟವರು. ಹುಡುಗ ಗುಂಡಿ ಹುಡುಕುತ್ತಿದ್ದ, ಸೀಟಿನ ಕೆಳಗೆಲ್ಲ ಬಗ್ಗಿ ನೋಡಿದ. ಮೊದಲ ತಿರುವು ಬಂತು. ನಾನು ಬಾಯಿ ಬಿಗಿಹಿಡಿದು ಕಂಬಿ ಹಿಡಿದೆ. ಹುಡುಗಿ "ಓ ಗಾಡ್!" ಅಂದಳು. ಬಸ್ಸು ನಿಲ್ಲಲಿಲ್ಲ. ಎರಡನೇ ತಿರುವಿಗೆ ಹುಡುಗ "ಓ ಮೈ ಗಾಡ್!" ಅಂದ. ನಿಲ್ಲಲಿಲ್ಲ.

ತೋಟದ ಬೋರ್ಡು ಕಂಡಿತು. ಟಿ, ಇ, ಎ. ಮೂರೇ ಅಕ್ಷರ. ಎದ್ದು ನಿಂತು, ಹೊಟ್ಟೆಯಿಂದ ಕೂಗಿದೆ.

"ದೇವಾ!"

ಬಸ್ಸು ನಿಂತಿತು. ಮೂವರೂ ಇಳಿದೆವು. ಧೂಳು ಅಡಗಿದ ಮೇಲೆ ಹುಡುಗಿ ಹತ್ತಿರ ಬಂದು ಕೇಳಿದಳು.

"ಅದನ್ನ ಹೇಗೆ ನಿಲ್ಲಿಸಿದ್ರಿ?"

"ದೇವರನ್ನ ಕರೀಬೇಕು," ಅಂದೆ. "ಆದ್ರೆ ಕನ್ನಡದಲ್ಲಿ."